ದರೋಜಿ ಕರಡಿ ಫೋಟೋ 600, ಶಾರ್ಪ್ ಬಂದಿದ್ದು ಸೊನ್ನೆ. ಲೆನ್ಸ್ ಹೋಯ್ತಾ?

ಮಸಾಲೆಮಂಡಕ್ಕಿ | ಭಾನುವಾರ ರಾತ್ರಿ 11:40

ತಲೆ ಕೆಟ್ಟು ಕೂತಿದ್ದೇನೆ. ಎರಡು ವರ್ಷ ದುಡ್ಡು ಕೂಡಿಟ್ಟು ದೊಡ್ಡ ಲೆನ್ಸ್ ತಗೊಂಡೆ. ನಿನ್ನೆ ದರೋಜಿ ಕರಡಿಧಾಮಕ್ಕೆ ಹೋಗಿದ್ದೆ. ಕರಡಿ ಬಂತು. ಒಂದಲ್ಲ, ಮೂರು! ತಾಯಿಯ ಬೆನ್ನ ಮೇಲೆ ಮರಿ ಕೂತು ಬಂಡೆ ಇಳಿಯಿತು. ಕೈ ಸೋಲುವವರೆಗೆ ಒತ್ತಿದೆ, 600 ಫೋಟೋ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಒಂದೂ ಶಾರ್ಪ್ ಇಲ್ಲ. ಮೈಮೇಲಿನ ಕೂದಲು ಕಾಣಬೇಕಲ್ವಾ? ಕರಡಿಗೆ ಕಂಬಳಿ ಹೊದಿಸಿದ ಹಾಗಿದೆ.

ಶಟರ್ 1/1000 ಸೆಕೆಂಡ್ ಇತ್ತು, ಕೈ ನಡುಗಿದೆ ಅಂತ ದಯವಿಟ್ಟು ಹೇಳಬೇಡಿ. ಮನೆ ತಾರಸಿಯಲ್ಲಿ ಗಿಳಿ ತೆಗೆದರೆ ಒಂದೊಂದು ಗರಿ ಎಣಿಸಬಹುದು. ವಾರಂಟಿ ಮುಗಿಯಲು ಇನ್ನು 20 ದಿನ ಇದೆ. ಬೇಗ ಹೇಳಿ.

ಕ್ರಾಪ್ ಕಾಕಾ | 11:52

ಪಕ್ಕಾ ಬ್ಯಾಕ್ ಫೋಕಸ್, ಅಂದರೆ ಫೋಕಸ್ ಕರಡಿ ಬಿಟ್ಟು ಅದರ ಹಿಂದೆ ಬೀಳುತ್ತಿದೆ. ಹತ್ತಿರದ ಗಿಳಿ ಶಾರ್ಪ್, ದೂರದ ಕರಡಿ ಮಬ್ಬು. ಇನ್ನೇನು ಸಾಕ್ಷಿ ಬೇಕು? ಲೆನ್ಸಿನ ಫೋಕಸ್ಸನ್ನು ಕಂಪ್ಯೂಟರಿನಿಂದ ತಿದ್ದುವ ಯುಎಸ್‌ಬಿ ಡಾಕ್ ತರಿಸಿ, ದೂರದ ಫೋಕಸ್ಸಿಗೆ -5 ಕೊಟ್ಟು ನೋಡಿ. ನನ್ನದಕ್ಕೆ -7 ಬೇಕಾಯಿತು. ಒಂದು ಭಾನುವಾರದ ಕೆಲಸ ಅಷ್ಟೇ.

ಮುಂಗುಸಿ | ಸೋಮವಾರ ಬೆಳಿಗ್ಗೆ 6:15

ಯಾವ ಕ್ಯಾಮೆರಾ, ಯಾವ ಲೆನ್ಸ್? ಎಷ್ಟು ಹೊತ್ತಿಗೆ ತೆಗೆದಿದ್ದು? ಕರಡಿ ಎಷ್ಟು ದೂರ ಇತ್ತು? ಎಡಿಟ್ ಮಾಡದ ಎರಡು ಫೋಟೋ ಹಾಕಿ.

ಕ್ರಾಪ್ ಕಾಕಾ | 7:02

ದೊಡ್ಡ ಲೆನ್ಸ್ ಅಂದರೆ ಸಿಗ್ಮಾ 150-600 ಎಂಎಂ ತಾನೇ. ಇಲ್ಲಿ ಹತ್ತರಲ್ಲಿ ಎಂಟು ಜನರ ಹತ್ತಿರ ಅದೇ ಇರುವುದು.

ಮಸಾಲೆಮಂಡಕ್ಕಿ | 9:30

ಅಲ್ಲ ಸರ್, ನಿಕಾನ್ 200-500. ಡಾಕ್ ಎಲ್ಲಿ ಸಿಗುತ್ತದೆ?

ಬಿಳಿಗಿರಿ | 9:34

ಡಾಕ್ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳಿಗೆ. ನಿಕಾನ್ ಲೆನ್ಸಿಗೆ ಅದು ಹಿಡಿಸುವುದಿಲ್ಲ. ಸುಮ್ನೆ ತರಿಸಬೇಡಿ.

ಕ್ರಾಪ್ ಕಾಕಾ | 10:10

ಹಾಗಾದರೆ ಇನ್ನೂ ಸುಲಭ. ಕ್ಯಾಮೆರಾ ಮೆನುವಿನಲ್ಲೇ ಫೋಕಸ್ ಹಿಂದೆ ಮುಂದೆ ಸರಿಸುವ ಎಎಫ್ ಫೈನ್ ಟ್ಯೂನ್ ಇರುತ್ತದೆ. 20-25 ಮೀಟರ್ ದೂರದಲ್ಲಿ ಒಂದು ಬಿಸ್ಕತ್ತು ಡಬ್ಬಿ ನಿಲ್ಲಿಸಿ. ಪಕ್ಕದಲ್ಲಿ ಸ್ಕೇಲು ಓರೆಯಾಗಿ ಇಡಿ. ಟ್ರೈಪಾಡ್ ಹಾಕಿ ಡಬ್ಬಿಗೆ ಫೋಕಸ್ ಮಾಡಿ. ಸ್ಕೇಲಿನ ಯಾವ ಅಂಕೆ ಚೂಪಾಗಿದೆ ನೋಡಿದರೆ ಮುಂದೆ ಬಿದ್ದಿದೆಯೋ ಹಿಂದೆ ಬಿದ್ದಿದೆಯೋ ಗೊತ್ತಾಗುತ್ತದೆ. ಹಿಂದೆ ಬಿದ್ದಿದ್ದರೆ ಮೊದಲು -4, ಆಮೇಲೆ -8.

ಮಸಾಲೆಮಂಡಕ್ಕಿ | ರಾತ್ರಿ 10:55

ಡಬ್ಬಿ ಇಟ್ಟೆ, ಸ್ಕೇಲು ಇಟ್ಟೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು, ಏನೂ ಕೇಳಲಿಲ್ಲ. ಆದರೆ ಮೆನುವಿನಲ್ಲಿ ಫೈನ್ ಟ್ಯೂನ್ ಅನ್ನುವುದೇ ಇಲ್ಲ. ಮೂರು ಸಲ ಮೇಲಿಂದ ಕೆಳಗೆ ಹುಡುಕಿದೆ. ಮ್ಯಾನುಯಲ್‌ನಲ್ಲೂ ಇಲ್ಲ.

ಬಿಳಿಗಿರಿ | 11:01

ನಿಮ್ಮ ಕ್ಯಾಮೆರಾ ನಿಕಾನ್ ಡಿ5600 ಏನಾದರೂ ಇದೆಯಾ?

ಮಸಾಲೆಮಂಡಕ್ಕಿ | 11:03

ಹೌದು ಡಿ5600. ಹೇಳಿರಲಿಲ್ವಾ?

ಬಿಳಿಗಿರಿ | 11:04

ಇಲ್ಲ. ಡಿ5600ರಲ್ಲಿ ಫೈನ್ ಟ್ಯೂನ್ ಕೊಟ್ಟಿಲ್ಲ. ಡಿ7500, ಡಿ500ರಲ್ಲಿ ಇದೆ.

ಕ್ರಾಪ್ ಕಾಕಾ | ಮಂಗಳವಾರ 8:20

ಅಲ್ಲಿಗೆ ರೋಗ ಸಿಕ್ಕಿತಲ್ಲ. ಲೆನ್ಸಿನದು ತಪ್ಪಲ್ಲ, ಕ್ಯಾಮೆರಾ ಬಾಡಿಯದು. ನಾನು ಈ ಗೋಳೇ ಬೇಡ ಅಂತ ಡಿ500 ಮಾರಿ ಮಿರರ್‌ಲೆಸ್ ಝಡ್8ಗೆ ಹೋದೆ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಮೇಲೇ ಫೋಕಸ್ ಆಗುವುದರಿಂದ ಹಿಂದೆ ಮುಂದೆ ಅನ್ನುವ ತಕರಾರೇ ಕಡಿಮೆ. 180-600 ಜೊತೆಗಿದೆ. ಜೂಮ್ ಮಾಡಿದರೆ ಲೆನ್ಸ್ ಉದ್ದ ಆಗುವುದಿಲ್ಲ. ಸೆಕೆಂಡಿಗೆ 20 ರಾ ಫೋಟೋ. ಕಬಿನಿಯಲ್ಲಿ ಮೀನುಹದ್ದು ನೀರಿಗೆ ಬೀಳುವುದನ್ನು...

ಎಫ್‌ಫೋರ್ ಗೌಡ್ರು | 8:41

ಜೂಮ್ ಜೂಮೇ ಕಾಕಾ. ಜೂಮ್ ಇಲ್ಲದ 600 ಎಫ್4 ಲೆನ್ಸ್ ಒಮ್ಮೆ ಕೈಗೆ ಬಂದ ಮೇಲೆ ಉಳಿದಿದ್ದೆಲ್ಲ ಆಟಿಕೆ ಅನಿಸುತ್ತದೆ. ಹೋದ ತಿಂಗಳು ಭದ್ರಾದಲ್ಲಿ ಕತ್ತಲು ಬಿದ್ದ ಮೇಲೂ ಚಿರತೆಯ ಮೀಸೆ ಎಣಿಸಿದ್ದೇನೆ.

ಗುಬ್ಬಿಗೂಡು | 8:50

ಗೌಡ್ರೇ, ಆ ಲೆನ್ಸಿನ ಬೆಲೆಗೆ ನಮ್ಮೂರಲ್ಲಿ ಸೈಟ್ ಬರುತ್ತದೆ. ಪಾಪ ಅವರು ಕೇಳಿದ್ದು ಬೇರೆ.

ಅಂದಹಾಗೆ, ಆ ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿ ಕರೆಸುತ್ತಾರಲ್ಲ, ಅದನ್ನು ವೈಲ್ಡ್‌ಲೈಫ್ ಫೋಟೋ ಅಂತೀರಾ? ಮದುವೆ ಮನೆಯಲ್ಲಿ ಪಂಕ್ತಿ ಫೋಟೋ ತೆಗೆದ ಹಾಗೆ ಅಲ್ವಾ ಅದು?

ಕಮಲಾಪುರದವ | 9:25

ಊಟಕ್ಕೆ ಬರುವ ಕರಡಿಯೂ ಕಾಡಿನ ಕರಡಿಯೇ ಮೇಡಂ. ಬಂಡೆ ನೆಕ್ಕಿ ಮತ್ತೆ ಗುಡ್ಡಕ್ಕೇ ಹೋಗುತ್ತದೆ. 1994ರಲ್ಲಿ ಅಭಯಾರಣ್ಯ ಆಗುವ ಮೊದಲು ಇಲ್ಲಿ ಏನಿತ್ತು ನೋಡಿದ್ದೀರಾ? ಕುರುಚಲೂ ಉಳಿದಿರಲಿಲ್ಲ. ಈಗ ಬೋರೆ, ಕಕ್ಕೆ ಎಲ್ಲ ಬೆಳೆದಿದೆ, ಗೆದ್ದಲ ಹುತ್ತ ಬೇಕಾದಷ್ಟಿದೆ. ಬೆಲ್ಲ ತಿಂದೇ ಬದುಕುತ್ತಿಲ್ಲ ಅವು.

ಗುಬ್ಬಿಗೂಡು | 9:31

ಹಾಗಾದರೆ ಬೆಲ್ಲ ಯಾಕೆ ಬೇಕು?

ಕಮಲಾಪುರದವ | 9:33

ನಿಮ್ಮಂಥವರಿಗೆ ವಾಚ್ ಟವರ್ ಮೇಲಿಂದ ಕಾಣಲಿ ಅಂತ!

ನಿರ್ವಾಹಕ | 9:50

ಬೆಲ್ಲದ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ. 14 ಉತ್ತರ ಅಲ್ಲಿಗೆ ಹೋಗಿವೆ. ಇಲ್ಲಿ ಮಸಾಲೆಮಂಡಕ್ಕಿ ಅವರ ಮಬ್ಬು ಮಾತ್ರ.

ಮುಂಗುಸಿ | 1:10

ನಿನ್ನೆ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಎಷ್ಟು ಹೊತ್ತಿಗೆ, ಎಷ್ಟು ದೂರ?

ಮಸಾಲೆಮಂಡಕ್ಕಿ | 1:45

ಅದಕ್ಕೂ ಇದಕ್ಕೂ ಏನು ಸಂಬಂಧ ಸರ್? ಟವರ್ ಮೇಲಿಂದ ತೆಗೆದಿದ್ದು. ಎದುರಿನ ಕಲ್ಲುಗುಡ್ಡದಲ್ಲಿ ಕರಡಿ. ನೂರೈವತ್ತು ಮೀಟರ್ ಇರಬಹುದು, ಜಾಸ್ತಿಯೂ ಇರಬಹುದು. ಎರಡೂವರೆಗೆ ಟವರ್ ಹತ್ತಿದೆ, ಮೂರಕ್ಕೆಲ್ಲ ಕರಡಿ ಬಂತು. ಬೆಳಕು ಚೆನ್ನಾಗಿತ್ತು, ಒಂದು ಮೋಡ ಇಲ್ಲ. 38 ಡಿಗ್ರಿ ಬಿಸಿಲು, ನೀರು ಕುಡಿದು ಕುಡಿದು ಸಾಕಾಯಿತು.

ಮುಂಗುಸಿ | 2:05

ಮೊದಲ ದಿನವೇ ಇದನ್ನು ಹೇಳಿದ್ದರೆ ಬಿಸ್ಕತ್ತು ಡಬ್ಬಿ ಉಳಿಯುತ್ತಿತ್ತು.

ಮಾರ್ಚ್ ತಿಂಗಳು, ಮಧ್ಯಾಹ್ನ ಮೂರು, ಬಳ್ಳಾರಿ ಕಡೆಯ ಬಿಸಿಲು, ಬೆಳಿಗ್ಗೆಯಿಂದ ಕಾದ ಬಂಡೆ. ಕರಡಿಗೂ ನಿಮಗೂ ನಡುವೆ ಕಾದ ಕಲ್ಲು, ಕಾದ ಮಣ್ಣು. ದೋಸೆ ಹಂಚು ಕಾದಾಗ ಅದರ ಮೇಲಿಂದ ಆಚೆ ಗೋಡೆ ನೋಡಿ, ಗೋಡೆಯೇ ಕುಣಿಯುತ್ತದೆ. ಹೈವೇಯಲ್ಲಿ ದೂರದ ಟಾರು ನೀರಿನ ಹಾಗೆ ಹೊಳೆಯುತ್ತದಲ್ಲ, ಬಿಸಿಲ್ಗುದುರೆ, ಅದೂ ಇದರ ಅಣ್ಣತಮ್ಮನೇ. ಬಿಸಿ ಗಾಳಿ ಮೇಲೇಳುತ್ತದೆ, ತಣ್ಣನೆ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಎರಡರ ಸಾಂದ್ರತೆ ಬೇರೆ. ಬೆಳಕು ದಾಟುವಾಗ ಅಷ್ಟಷ್ಟೇ ಬಾಗುತ್ತಾ ಬರುತ್ತದೆ. ಬರಿಗಣ್ಣಿಗೆ ಗೊತ್ತಾಗದೆ ಇರಬಹುದು. ಚಿಕ್ಕ ಸೆನ್ಸರಿನ ಕ್ರಾಪ್ ಬಾಡಿ ಮೇಲೆ 500 ಎಂಎಂ ಅಂದರೆ 750ರಷ್ಟು ನೋಟ. ಕರಡಿ ದೊಡ್ಡದಾದ ಹಾಗೆ ಈ ನಡುಕವೂ ದೊಡ್ಡದಾಗುತ್ತದೆ. ತಾರಸಿಯ ಗಿಳಿ 15 ಮೀಟರ್ ದೂರದಲ್ಲಿರುತ್ತದೆ, ನಡುವೆ ಅಷ್ಟು ಗಾಳಿಯೇ ಇಲ್ಲ.

ಕ್ರಾಪ್ ಕಾಕಾ | 2:20

1/1000 ಶಟರ್‌ಗೆ ಗಾಳಿ ಯಾವ ಲೆಕ್ಕ? ಅಲೆ ಇದ್ದರೂ ಫ್ರೀಜ್ ಆಗಬೇಕು.

ಮುಂಗುಸಿ | 2:38

ಫ್ರೀಜ್ ಆಗುತ್ತದೆ, ಸೊಟ್ಟಗೇ ಫ್ರೀಜ್ ಆಗುತ್ತದೆ. ಅಲೆಯೆದ್ದ ನೀರಿನ ತಳದ ನಾಣ್ಯವನ್ನು 1/8000ರಲ್ಲಿ ತೆಗೆಯಿರಿ, ನಾಣ್ಯ ದುಂಡಗೆ ಬರುತ್ತದಾ?

ಮಸಾಲೆಮಂಡಕ್ಕಿ, ಒಂದು ಕೆಲಸ ಮಾಡಿ. ಒಂದೇ ಬಂಡೆ ಕಾಣುವ ಹತ್ತು ಫೋಟೋ ಒಂದರ ಹಿಂದೆ ಒಂದು ಬೇಗಬೇಗ ತಿರುಗಿಸಿ. ಕರಡಿ ಬಿಡಿ, ಬಂಡೆಯ ಅಂಚು ನೋಡಿ. ಬ್ಯಾಕ್ ಫೋಕಸ್ ಆಗಿದ್ದರೆ ಎಲ್ಲದರಲ್ಲೂ ಬಂಡೆ ಒಂದೇ ಥರ ಮಬ್ಬು, ಅದರ ಹಿಂದಿನ ಪೊದೆ ಚೂಪು. ಗಾಳಿಯಾಗಿದ್ದರೆ ಒಂದರಲ್ಲಿ ಎಡಭಾಗ ಹಾಳು, ಇನ್ನೊಂದರಲ್ಲಿ ಬಲಭಾಗ. ಎಲ್ಲೂ ಯಾವುದೂ ಪೂರ್ತಿ ಚೂಪಿರುವುದಿಲ್ಲ.

ಮಸಾಲೆಮಂಡಕ್ಕಿ | ರಾತ್ರಿ 9:12

ಅಯ್ಯೋ ಹೌದು. ಬಂಡೆಯ ಅಂಚು ಎರೆಹುಳದ ಹಾಗೆ ಹರಿದಾಡುತ್ತಿದೆ. ಒಂದು ಫೋಟೋದಲ್ಲಿ ಮರಿಯ ಕಿವಿ ಪರವಾಗಿಲ್ಲ, ಮುಂದಿನದರಲ್ಲಿ ಅದೇ ಕಿವಿ ಬೆಣ್ಣೆ.

ಪಾನಕ | 9:30

ಫಿಲ್ಟರ್ ಹಾಕಿದ್ದೀರಾ?

ಮಸಾಲೆಮಂಡಕ್ಕಿ | 9:33

ಯುವಿ ಫಿಲ್ಟರ್ ಇದೆ, ಅಂಗಡಿಯವರು ಫ್ರೀಯಾಗಿ ಕೊಟ್ಟರು. ಯಾವಾಗಲೂ ಹಾಕಿಯೇ ಇರುತ್ತೇನೆ.

ಪಾನಕ | 9:34

ತೆಗೆದು ಬಿಸಾಕಿ. 95 ಎಂಎಂ ಗಾಜು ಫ್ರೀಯಾಗಿ ಬಂದಿದೆ ಅಂದರೆ ಅದು ಕಿಟಕಿ ಗಾಜು.

ಎಫ್‌ಫೋರ್ ಗೌಡ್ರು | 9:50

ಬಿಸಾಕಿ ಅನ್ನುವುದು ಸುಲಭ. ನಾಗರಹೊಳೆ ಜೀಪಿನಲ್ಲಿ ಮುಂದಿನ ಗಾಡಿಯ ಧೂಳು ಕುಡಿಯುವುದು ಯಾರ ಲೆನ್ಸು?

ಪಾನಕ | 9:52

ಹುಡ್ ಇರುವುದು ಯಾಕೆ?

ಎಫ್‌ಫೋರ್ ಗೌಡ್ರು | 9:55

ಹುಡ್ ಧೂಳು ತಡೆಯುತ್ತದೆ ಅಂದಿದ್ದು ಇವತ್ತೇ ಮೊದಲು ಕೇಳಿದ್ದು.

ಮಸಾಲೆಮಂಡಕ್ಕಿ | ಶನಿವಾರ ಸಂಜೆ 7:20

ಜಗಳ ಸಾಕು, ನಾನೇ ಪರೀಕ್ಷೆ ಮಾಡಿದೆ. ನಮ್ಮ ತಾರಸಿಯಿಂದ ಊರ ನೀರಿನ ಟ್ಯಾಂಕು ಕಾಣುತ್ತದೆ, ಮೇಲೆ ಬಣ್ಣದಲ್ಲಿ ಅಕ್ಷರ ಬರೆದಿದ್ದಾರೆ. ನಡುವೆ ಪೂರ್ತಿ ತಗಡಿನ ಮಾಡುಗಳು. ಟ್ರೈಪಾಡ್, ಕೈನಡುಕ ತಡೆಯುವ ವಿಆರ್ ಆಫ್.

ಬೆಳಿಗ್ಗೆ 6:30, ಫಿಲ್ಟರ್ ಇಲ್ಲದೆ: ಅಕ್ಷರ ಕೊರೆದಿಟ್ಟ ಹಾಗಿದೆ. ಅದೇ ಹೊತ್ತು ಫಿಲ್ಟರ್ ಹಾಕಿ: ಅಕ್ಷರದ ಅಂಚಿಗೆ ಸಣ್ಣ ನೆರಳು, ಒಂದರ ಮೇಲೊಂದು ಎರಡು ಸಲ ಬರೆದ ಹಾಗೆ. ಮಧ್ಯಾಹ್ನ 2 ಗಂಟೆಗೆ ಫಿಲ್ಟರ್ ಇದ್ದರೂ ಇಲ್ಲದಿದ್ದರೂ ಓದಲಾಗದಷ್ಟು ಮಬ್ಬು.

ಇನ್ನೊಂದು ವಿಷಯ. ದರೋಜಿ ಫೋಟೋ ಮೊದಲ ಇನ್ನೂರು ನೋಡಿ ಸಿಟ್ಟಿಗೆ ಲ್ಯಾಪ್‌ಟಾಪ್ ಮುಚ್ಚಿದ್ದೆ. ಇವತ್ತು ಕೊನೆಯವರೆಗೂ ನೋಡಿದೆ. 5:35ರ ಮೇಲೆ ತೆಗೆದ ಮೂವತ್ತರಲ್ಲಿ ಮೂರು ಚೆನ್ನಾಗಿವೆ. ಆದರೆ ಅಷ್ಟು ಹೊತ್ತಿಗೆ ತಾಯಿ ಮರಿ ಹೋಗಿಬಿಟ್ಟಿದ್ದವು. ಇರುವುದು ಒಂದು ಗಂಡು ಕರಡಿ, ಅದೂ ಆಕಳಿಸುತ್ತಾ.

ಕ್ರಾಪ್ ಕಾಕಾ | 7:41

ಬೆಳಿಗ್ಗೆ ಲೆನ್ಸ್ ತಣ್ಣಗಿರುತ್ತದೆ. ಮಧ್ಯಾಹ್ನ ಕಾದು ಒಳಗಿನ ಗಾಜು ಹಿಗ್ಗಿ ಫೋಕಸ್ ಹಿಂದೆ ಹೋಗಿರಬಹುದಲ್ಲ. ಅದೂ ಬ್ಯಾಕ್ ಫೋಕಸ್ಸೇ.

ಬಿಳಿಗಿರಿ | 7:48

ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿಕೊಂಡು ತೆಗೆದು ನೋಡಿ, ಮುಗಿಯಿತು. ಡಿ5600 ಲೈವ್ ವ್ಯೂನಲ್ಲಿ ಸೆನ್ಸರ್ ಮೇಲಿನ ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡುತ್ತದೆ. ಕಾಕಾ ಹೇಳುವ ಬ್ಯಾಕ್ ಫೋಕಸ್ ಅಲ್ಲಿ ಬರುವುದಿಲ್ಲ. ಮಧ್ಯಾಹ್ನ ಅದರಲ್ಲೂ ಮಬ್ಬಾದರೆ ಲೆನ್ಸು, ಬಾಡಿ ಎರಡೂ ನಿರಪರಾಧಿ.

ಮಸಾಲೆಮಂಡಕ್ಕಿ | ಭಾನುವಾರ 2:30

ಅದರಲ್ಲೂ ಮಬ್ಬೇ. ಕಾಕಾ, ಕ್ಷಮಿಸಿ.

ಆಲೆಮನೆ | 3:15

ನಮಗೂ ಹೀಗೇ ಆಗಿದೆ. ಏಪ್ರಿಲ್‌ನಲ್ಲಿ ಕಬಿನಿ ಹಿನ್ನೀರು ಇಳಿದು ಬಯಲಾಗುತ್ತದಲ್ಲ, ಹತ್ತು ಗಂಟೆ ಹೊತ್ತಿಗೆ ಆ ಬಯಲಿನಾಚೆ ಹುಲಿ. ಬಸ್ಸಿನಲ್ಲಿದ್ದವರೆಲ್ಲ ಸಾವಿರಗಟ್ಟಲೆ ಒತ್ತಿದೆವು. ಒಬ್ಬರದೂ ಸರಿ ಬರಲಿಲ್ಲ. ಅದೇ ದಿನ ಬೆಳಿಗ್ಗೆ ಏಳಕ್ಕೆ ದಾರಿ ಪಕ್ಕದಲ್ಲಿ ಸಿಕ್ಕ ಸೀಳುನಾಯಿ ಕಣ್ಣಲ್ಲಿ ನಮ್ಮ ಬಸ್ಸೇ ಕಾಣುತ್ತಿತ್ತು.

ಸ್ವಂತ ಕಾರಿನಲ್ಲಿ ಹಕ್ಕಿ ತೆಗೆಯುವವರಿಗೂ ಒಂದು ಮಾತು. ಎಸಿ ಹಾಕಿಕೊಂಡು ಕಿಟಕಿ ಇಳಿಸಿ ತಕ್ಷಣ ಕ್ಲಿಕ್ ಮಾಡಬೇಡಿ. ಒಳಗಿನ ತಣ್ಣನೆ ಗಾಳಿ, ಹೊರಗಿನ ಬಿಸಿ ಗಾಳಿ ಲೆನ್ಸಿನ ಮುಂದೆಯೇ ಬೆರೆಯುತ್ತವೆ. ಹತ್ತು ಮೀಟರ್ ದೂರದ ಹಕ್ಕಿಯೂ ಮಬ್ಬು.

ಮಸಾಲೆಮಂಡಕ್ಕಿ | 3:40

ಹಾಗಾದರೆ ಪರಿಹಾರ ಏನು? ಟವರ್ ಬಿಟ್ಟು ಹತ್ತಿರ ಹೋಗಲು ಬಿಡುವುದಿಲ್ಲ. ಎಡಿಟಿಂಗ್‌ನಲ್ಲಿ ಸರಿ ಮಾಡಬಹುದಾ?

ಮುಂಗುಸಿ | 4:05

ಇಲ್ಲ. ಶಾರ್ಪ್‌ನೆಸ್ ಎಳೆದರೆ ಅಲೆಯೇ ಶಾರ್ಪ್ ಆಗುತ್ತದೆ. ಬಿಸಿಲಿಳಿಯುವವರೆಗೆ ಕಾಯಿರಿ. ಇಲ್ಲ ಮಳೆ ಬಿದ್ದು ಕಲ್ಲು ತಣಿದ ಮೇಲೆ, ಮೋಡದ ದಿನ ಹೋಗಿ. ಮಧ್ಯಾಹ್ನವೇ ಕರಡಿ ಬಂದರೆ ಅದನ್ನು ಚಿಕ್ಕದಾಗಿಯೇ ಇಟ್ಟು ಗುಡ್ಡ, ಆಕಾಶ ಸೇರಿಸಿ ತೆಗೆಯಿರಿ. ಆ ಬಂಡೆಗಳು ಕರಡಿಗಿಂತ ಚೆನ್ನಾಗಿವೆ, ನನ್ನ ಕೇಳಿದರೆ. ಬರ್ಸ್ಟ್ ಜಾಸ್ತಿ ಒತ್ತಿ, ಗಾಳಿ ಒಂದು ಕ್ಷಣ ನಿಂತಾಗ ಒಂದೆರಡು ಸಿಗುತ್ತವೆ. ಕೂದಲು ಕಾಣುವ ಫೋಟೋ ಮಾರ್ಚ್ ಮೂರು ಗಂಟೆಗೆ ಗೌಡರ 600ಕ್ಕೂ ಬರುವುದಿಲ್ಲ.

ಎಫ್‌ಫೋರ್ ಗೌಡ್ರು | 4:20

ಒಪ್ಪಿದೆ. ಆದರೆ ಬೀನ್ ಬ್ಯಾಗ್ ಇಟ್ಟುಕೊಳ್ಳಿ, ಟವರ್ ಕಟ್ಟೆ ಮೇಲೆ ಲೆನ್ಸು ಕೂರುತ್ತದೆ. ನಾನು ಖಾಲಿ ಚೀಲ ಒಯ್ದು ಹೊಸಪೇಟೆಯಲ್ಲಿ ಎರಡು ಕೆಜಿ ರಾಗಿ ತುಂಬಿಸುತ್ತೇನೆ. ವಾಪಸ್ ಬಂದು ಅದೇ ರಾಗಿ ಮುದ್ದೆ.

ಪಾನಕ | 4:26

ರಾಗಿ ಜಾರುತ್ತದೆ. ತೊಗರಿಬೇಳೆ ಒಳ್ಳೆಯದು.

ಕಮಲಾಪುರದವ | 4:31

ಬೇಳೆ ರೇಟು ಗೊತ್ತಾ? ಅಕ್ಕಿ ನುಚ್ಚು ತುಂಬಿ.

*(ರಾಗಿ, ಬೇಳೆ, ನುಚ್ಚಿನ 22 ಉತ್ತರಗಳನ್ನು ‘ಬ್ಯಾಗು ಮತ್ತು ಟ್ರೈಪಾಡ್’ ವಿಭಾಗಕ್ಕೆ ಸಾಗಿಸಲಾಗಿದೆ – ನಿರ್ವಾಹಕ)*

ಮಸಾಲೆಮಂಡಕ್ಕಿ | ಜುಲೈ, ಭಾನುವಾರ ರಾತ್ರಿ 10:15

ಎಳೆ ಮೇಲೆ ತರುತ್ತಿರುವುದಕ್ಕೆ ಕ್ಷಮೆ ಇರಲಿ. ನಿನ್ನೆ ಮತ್ತೆ ದರೋಜಿಗೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು, ದಿನವಿಡೀ ಮೋಡ. ಫಿಲ್ಟರ್ ಮನೆಯಲ್ಲೇ ಬಿಟ್ಟೆ. ಅದೇ ಕ್ಯಾಮೆರಾ, ಅದೇ ಲೆನ್ಸ್, ಮೂರೂವರೆ ಗಂಟೆ. ಬೆಳಕು ಸಾಲದೆ ಐಎಸ್ಒ ಜಾಸ್ತಿ ಮಾಡಬೇಕಾಯಿತು, ಫೋಟೋ ಕಾಳುಕಾಳಾಗಿ ಕಾಣುತ್ತದೆ, ಆದರೆ ಕೂದಲೂ ಕಾಣುತ್ತದೆ! ಕರಡಿ ಮಾತ್ರ ಮುಕ್ಕಾಲು ಗಂಟೆ ನನಗೆ ಬೆನ್ನು ಹಾಕಿಯೇ ಕೂತಿತ್ತು. ನಾಲ್ಕು ಫೋಟೋ ಹಾಕಿದ್ದೇನೆ.

ಕ್ರಾಪ್ ಕಾಕಾ | 10:32

ಚೆನ್ನಾಗಿವೆ. ಆದರೆ ಮೂರನೆಯದರಲ್ಲಿ ನೋಡಿ, ಎಡಗಡೆ ಕೂತಿರುವ ಕರಡಿಯ ಮೇಲೆ ಫೋಕಸ್ ಇಲ್ಲ, ಹಿಂದಿನ ಪೊದೆಗೆ ಬಿದ್ದಿದೆ. ನಾನು ಮೊದಲ ದಿನವೇ ಹೇಳಿದ್ದೆ.

ಮಸಾಲೆಮಂಡಕ್ಕಿ | 10:34

ಅದು ಕರಡಿ ಅಲ್ಲ ಕಾಕಾ, ಬಂಡೆ.