ಲಕ್ವಾ ಹೊಡೆದು ಸಂಬಳ ನಿಂತಿದೆ, ಮನೆ ಸಾಲದ ಎರಡು ಕಂತು ಬಾಕಿ. ಕೈಲಿರುವ ದುಡ್ಡು ಹೇಗೆ ಬಳಸಬೇಕು?

ಹುಬ್ಬಳ್ಳಿ_ಕಟ್ಟೆ:
ಸಾಲ ನಮ್ಮ ಅಣ್ಣನದು. ವಯಸ್ಸು 46, ಖಾಸಗಿ ಕಂಪನಿ ಕೆಲಸ. ಮಾರ್ಚ್ ಮೊದಲ ವಾರ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿವೆ. ಮಾತು ತೊದಲುತ್ತೆ, ಬುದ್ಧಿ ಚೆನ್ನಾಗಿದೆ. ಸದ್ಯ ಸಂಬಳವಿಲ್ಲದ ರಜೆ.

40 ಲಕ್ಷ ಸಾಲ, 20 ವರ್ಷ, ಫ್ಲೋಟಿಂಗ್, ಈಗ 8.5%. ಕಂತು ₹34,713, ಪ್ರತಿ ತಿಂಗಳು 5ನೇ ತಾರೀಕು. ಐದು ವರ್ಷ ಕಟ್ಟಿಯಾಗಿದೆ, ಬಾಕಿ ಸುಮಾರು 35.25 ಲಕ್ಷ. ಮೇ ಮತ್ತು ಜೂನ್ ಕಂತು ಬೌನ್ಸ್. ಅತ್ತಿಗೆ ಜಂಟಿ ಸಾಲಗಾರರು. ಮನೆಖರ್ಚು, ಫಿಸಿಯೋಥೆರಪಿ ಕಳೆದು ಅವರ ಸಂಬಳದಲ್ಲಿ ತಿಂಗಳಿಗೆ 15,000 ಉಳಿಯುತ್ತೆ. ಕೈಯಲ್ಲಿ 1.6 ಲಕ್ಷ ಇದೆ. ಇವತ್ತಿಗೆ ಜೂನ್ 16.

ಮ್ಯಾನೇಜರ್ ಬಾಯಿಮಾತಲ್ಲಿ "ಆರು ತಿಂಗಳು ಕಟ್ಟಬೇಡಿ, ಆಮೇಲೆ ನೋಡೋಣ" ಅಂದಿದ್ದಾರೆ. ಅದನ್ನು ನಂಬಬಹುದಾ? ಇಲ್ಲ ಎರಡೂ ಕಂತು ಈಗಲೇ ತೀರಿಸಿಬಿಡುವುದಾ? ಸಾಲದ ಜೊತೆ ಯಾವುದೋ ವಿಮೆಗೆ ಸಹಿ ಹಾಕಿಸಿಕೊಂಡ ನೆನಪಿದೆ, ಕಾಗದ ಸಿಕ್ಕಿಲ್ಲ.

ಲೆಡ್ಜರ್‌ಪುಟ:
ಬಾಯಿಮಾತು ನಂಬಬೇಡಿ. ಸಾಲದ ಖಾತೆಯ ದಿನ ಎಣಿಸುವುದು ಕಂಪ್ಯೂಟರ್, ಮ್ಯಾನೇಜರ್ ಅಲ್ಲ. ಅತಿ ಹಳೆಯ ಬಾಕಿ ಕಂತಿನಿಂದ ಎಣಿಕೆ ಶುರು. ಮೇ 5ರ ಕಂತು ನಿಂತಿದ್ದರಿಂದ ಜೂನ್ 4ಕ್ಕೆ 30 ದಿನ ಆಯ್ತು, ಖಾತೆ ಈಗಾಗಲೇ ಎಸ್‌ಎಂಎ-1 (ಕಂತು ತಡವಾದ ಖಾತೆಗೆ ಬೀಳುವ ಎಚ್ಚರಿಕೆ ಗುರುತು). ಜುಲೈ 4ಕ್ಕೆ ಎಸ್‌ಎಂಎ-2. ಆಗಸ್ಟ್ 3ಕ್ಕೆ 90 ತುಂಬಿ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆರು ತಿಂಗಳು ಸುಮ್ಮನೆ ಕೂತರೆ ಅರ್ಧ ದಾರಿಯಲ್ಲೇ ಮನೆಗೆ ನೋಟಿಸ್ ಬರುತ್ತೆ.

ಎನ್‌ಪಿಎ ಆಗುವ ಮುಂಚೆ ಒಂದು ಕಂತು ಕಟ್ಟಿದರೂ ಎಣಿಕೆ ಹಿಂದಕ್ಕೆ ಸರಿಯುತ್ತೆ. ಆದ ಮೇಲೆ ಹಾಗಲ್ಲ. 2021ರ ನವೆಂಬರ್ 12ರ ಆರ್‌ಬಿಐ ಸುತ್ತೋಲೆ ಪ್ರಕಾರ ಬಾಕಿ ಅಸಲು, ಬಡ್ಡಿ ಪೂರ್ತಿ ಕಟ್ಟಿದರೆ ಮಾತ್ರ ಖಾತೆ ಮತ್ತೆ ಸ್ಟ್ಯಾಂಡರ್ಡ್ (ಸರಿಯಿರುವ ಸಾಲ) ಆಗುತ್ತೆ. ಆದ್ದರಿಂದ ಇರುವ ದುಡ್ಡನ್ನು ಆ ಗೆರೆ ದಾಟದಂತೆ ಹಂಚಬೇಕು.

ಎರಡೂ ಬಾಕಿ ಒಟ್ಟಿಗೆ ತೀರಿಸಬೇಡಿ. ಮೇ ಕಂತೊಂದನ್ನು ಈ ವಾರವೇ ನೇರ ಸಾಲದ ಖಾತೆಗೆ ಕಟ್ಟಿ. 1,25,287 ಉಳಿಯುತ್ತೆ. ಜುಲೈನಿಂದ ಪ್ರತಿ ತಿಂಗಳು 4ರ ಸಂಜೆಯೊಳಗೆ ಕಂತು ಹೋಗುವ ಉಳಿತಾಯ ಖಾತೆಯಲ್ಲಿ ಪೂರ್ತಿ 34,713 ಇರಲಿ: ಅತ್ತಿಗೆಯ 15,000, ಕೈಗಂಟಿನಿಂದ 19,713. ಆ ಹಣ ಹಿಂದಿನ ತಿಂಗಳ ಬಾಕಿಗೆ ಜಮೆಯಾಗುತ್ತೆ, ನೀವು ಸದಾ ಒಂದು ಕಂತು ಹಿಂದೆ ಇರುತ್ತೀರಿ. ಡಿಸೆಂಬರ್‌ವರೆಗೆ ಆರು ಕಂತು ಹೀಗೆ ನಡೆಯುತ್ತೆ, ಕೊನೆಗೆ ಏಳು ಸಾವಿರ ಉಳಿಯುತ್ತೆ. ಅದು ಬೌನ್ಸ್ ಶುಲ್ಕ, ದಂಡಕ್ಕೆ. ಕ್ರೆಡಿಟ್ ರಿಪೋರ್ಟ್‌ನಲ್ಲಿ ತಡವಾದ ದಿನಗಳು ಕಾಣುತ್ತವೆ, ಅದು ಈಗ ದೊಡ್ಡ ಚಿಂತೆಯಲ್ಲ.

ಎನ್‌ಎಸಿಎಚ್ (ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ) ಮೇಲಿಂದ ಮೇಲೆ ಬೌನ್ಸ್ ಆಗಲು ಬಿಡಬೇಡಿ. ಎರಡೂ ಕಡೆ ಶುಲ್ಕ ಬೀಳುವುದಲ್ಲದೆ, ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸ್‌ನಂತೆಯೇ ಕ್ರಿಮಿನಲ್ ಕೇಸ್ ಹಾಕಲು ಬರುತ್ತೆ. ಇನ್ನೊಂದು: ಅದೇ ಬ್ಯಾಂಕಿನಲ್ಲಿ ಅಣ್ಣನ ಕ್ರೆಡಿಟ್ ಕಾರ್ಡ್ ಅಥವಾ ಪರ್ಸನಲ್ ಲೋನ್ ಇದ್ದರೆ ಅದನ್ನೂ ನೋಡಿ. ಒಂದು ಎನ್‌ಪಿಎ ಆದರೆ ಆ ಬ್ಯಾಂಕಿನ ಎಲ್ಲ ಸಾಲವೂ ಎನ್‌ಪಿಎ.

ಪಾಲಿಸಿಪತ್ರ:
ವಿಮೆ ಕಾಗದ ಹುಡುಕುವುದೇ ಈ ವಾರದ ಮುಖ್ಯ ಕೆಲಸ. ಮನೆಯಲ್ಲಿ ಸಿಗದಿದ್ದರೆ ಸಾಲದ ಮೊದಲ ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ. ಒಂದೇ ಸಲದ ಪ್ರೀಮಿಯಂ ಡೆಬಿಟ್ ಆಗಿದ್ದರೆ ವಿಮಾ ಕಂಪನಿ ಹೆಸರು ಅಲ್ಲೇ ಇರುತ್ತೆ. ಇದು ಸಾಮಾನ್ಯವಾಗಿ ಗ್ರೂಪ್ ಪಾಲಿಸಿ. ಮಾಸ್ಟರ್ ಪಾಲಿಸಿ ಬ್ಯಾಂಕಿನ ಹೆಸರಲ್ಲಿ, ನಿಮಗೆ ಸಿಗುವುದು ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್. ಅದರ ಪ್ರತಿಯನ್ನು ಬ್ಯಾಂಕ್, ವಿಮಾ ಕಂಪನಿ ಎರಡಕ್ಕೂ ಲಿಖಿತವಾಗಿ ಕೇಳಿ.

ಬಹಳಷ್ಟು ಪಾಲಿಸಿ ಸಾವಿಗೆ ಮಾತ್ರ. ಪತ್ರದಲ್ಲಿ ಹುಡುಕಬೇಕಾದದ್ದು "ಕ್ರಿಟಿಕಲ್ ಇಲ್‌ನೆಸ್" ಅಥವಾ "ಪರ್ಮನೆಂಟ್ ಡಿಸೆಬಿಲಿಟಿ" ರೈಡರ್, ಅಂದರೆ ಮೂಲ ಪಾಲಿಸಿಗೆ ಸೇರಿಸಿದ ಹೆಚ್ಚುವರಿ ರಕ್ಷಣೆ. ಕೆಲಸ ಹೋದರೆ ಕಂತು ಕಟ್ಟುವ ರೈಡರ್ ಇದ್ದರೂ ತಾವಾಗಿ ರಾಜೀನಾಮೆ ಕೊಟ್ಟವರಿಗೆ ಅದು ಸಿಗುವುದಿಲ್ಲ. ಕಂಪನಿ ಎಚ್‌ಆರ್ ಎಷ್ಟೇ ನಯವಾಗಿ ಕೇಳಿದರೂ ಅಣ್ಣ ರಾಜೀನಾಮೆ ಪತ್ರ ಕೊಡಬಾರದು. ಕೊಟ್ಟರೆ ಕಂಪನಿಯ ಗ್ರೂಪ್ ಆರೋಗ್ಯ ವಿಮೆಯೂ ಹೋಗುತ್ತೆ.

ಲಕ್ವಾ ಕ್ಲೇಮ್ ತಿರಸ್ಕಾರವಾಗುವ ಮಾಮೂಲಿ ಜಾಗ ಎರಡು. ವಿಮಾ ನಿಯಂತ್ರಕ ಐಆರ್‌ಡಿಎಐನ ಪ್ರಮಾಣಿತ ವ್ಯಾಖ್ಯೆ ಪ್ರಕಾರ ನರಹಾನಿಯಿಂದಾದ ಶಾಶ್ವತ ಕೊರತೆ ಕನಿಷ್ಠ 3 ತಿಂಗಳು ಉಳಿದಿರಬೇಕು. ತಾತ್ಕಾಲಿಕವಾಗಿ ಬಂದು ಹೋಗುವ ಕಿರು ಲಕ್ವಾ (ಟಿಐಎ) ಲೆಕ್ಕಕ್ಕಿಲ್ಲ. ಡಿಸ್ಚಾರ್ಜ್ ಸಮರಿ ಬರೆಯುವುದು ಹತ್ತನೇ ದಿನವೋ ಹದಿನೈದನೇ ದಿನವೋ. ಅದರಲ್ಲಿ "ಸುಧಾರಿಸುತ್ತಿದ್ದಾರೆ" ಅಂತ ಇರುತ್ತೆ, ಕಂಪನಿ ಆ ಸಾಲನ್ನೇ ಹಿಡಿಯುತ್ತೆ. ಅಣ್ಣನಿಗೆ ಈಗ ಮೂರು ತಿಂಗಳು ಕಳೆದಿದೆ. ನ್ಯೂರಾಲಜಿಸ್ಟ್ ಹತ್ತಿರ ಈಗ ಹೋಗಿ ಹೊಸ ತಾರೀಕಿನ ಪತ್ರ ಬರೆಸಿ: ಬಲಗೈ ಶಕ್ತಿ 5ಕ್ಕೆ ಎಷ್ಟು, ಬಲಗಾಲು ಎಷ್ಟು, ಮಾತಿನ ತೊಂದರೆ ಏನು, ಈ ಕೊರತೆ ಶಾಶ್ವತವೇ. ಮಾರ್ಚ್‌ನ ಸಿಟಿ ಅಥವಾ ಎಂಆರ್‌ಐ ರಿಪೋರ್ಟ್ ಜೊತೆಗಿರಲಿ.

ಎರಡನೆಯದು ಬಿಪಿ. ದಾಖಲಾದ ದಿನದ ಕೇಸ್ ಶೀಟ್‌ನಲ್ಲಿ ಡ್ಯೂಟಿ ಡಾಕ್ಟರ್ "ಎಂಟು ವರ್ಷದಿಂದ ಬಿಪಿ" ಅಂತ ಗೀಚಿರುತ್ತಾರೆ, ಗಾಬರಿಯಲ್ಲಿದ್ದ ಯಾರೋ ಸಂಬಂಧಿಕರು ಅಂದಾಜಿಗೆ ಹೇಳಿದ್ದು. ಸಾಲ ತೆಗೆದಾಗ ಆರೋಗ್ಯ ಘೋಷಣೆಯಲ್ಲಿ ಬಿಪಿ ಇಲ್ಲ ಅಂತ ಬರೆದಿದ್ದರೆ ಮುಚ್ಚಿಟ್ಟಿದ್ದೀರಿ ಅನ್ನುತ್ತಾರೆ. ನಿಜವಾಗಿ ಚಿಕಿತ್ಸೆ ಯಾವಾಗ ಶುರುವಾಯ್ತು ಅನ್ನುವುದಕ್ಕೆ ಹಳೆಯ ಚೀಟಿ ಹುಡುಕಿಡಿ. ಪಾಲಿಸಿ ಜೀವ ವಿಮೆ ಕಂಪನಿಯದಾಗಿ ಮೂರು ವರ್ಷ ದಾಟಿದ್ದರೆ ವಿಮಾ ಕಾಯ್ದೆಯ 45ನೇ ಸೆಕ್ಷನ್ ನಿಮ್ಮ ಪರ ಇದೆ.

ತಿರಸ್ಕರಿಸಿದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ). ಒಂದು ವರ್ಷದೊಳಗೆ ಕೊಡಬೇಕು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಮಿತಿ 50 ಲಕ್ಷ. ಕ್ಲೇಮ್ ಹಾಕಿದ್ದೇವೆ ಅಂತ ಕಂತು ಮಾತ್ರ ನಿಲ್ಲಿಸಬೇಡಿ, ಎಣಿಕೆ ನಿಲ್ಲುವುದಿಲ್ಲ.

ದಾವಣಗೆರೆ_ಮಂಡಕ್ಕಿ:
ಕಂತು ಕಡಿಮೆ ಮಾಡಿಸಿ ಅಂತ ಎಲ್ಲರೂ ಸಲಹೆ ಕೊಡ್ತಾರೆ. ಲೆಕ್ಕ ಹಾಕಿ ನೋಡಿ. 35.25 ಲಕ್ಷಕ್ಕೆ 8.5% ಅಂದರೆ ಬಡ್ಡಿಯೇ ತಿಂಗಳಿಗೆ ಸುಮಾರು 24,970. ಉಳಿದ 15 ವರ್ಷವನ್ನು 20 ಮಾಡಿಸಿದರೆ ಕಂತು 30,591. ಉಳಿಯುವುದು ನಾಲ್ಕು ಸಾವಿರ ಚಿಲ್ಲರೆ, ಒಟ್ಟಾರೆ ಕಟ್ಟುವುದು ಹತ್ತಿರ ಹತ್ತಿರ 11 ಲಕ್ಷ ಹೆಚ್ಚು. ಅದಕ್ಕೂ ವಯಸ್ಸಿನ ಮಿತಿ ಅಡ್ಡ ಬರಬಹುದು.

ಆರು ತಿಂಗಳು ಮೊರಟೋರಿಯಂ (ಕಂತಿಗೆ ರಜೆ) ಕೊಟ್ಟರು ಅಂದುಕೊಳ್ಳಿ: 1.52 ಲಕ್ಷ ಬಡ್ಡಿ ಅಸಲಿಗೆ ಸೇರುತ್ತೆ, ಅದೇ ಕಂತು ಮುಂದುವರಿಸಿದರೆ 180 ಕಂತು ಹೋಗಿ 197 ಆಗುತ್ತೆ. ಆರು ಬಿಟ್ಟದ್ದಕ್ಕೆ ಹದಿನೇಳು ಹೆಚ್ಚು! ಕೋವಿಡ್ ಕಾಲದ ರಿಯಾಯಿತಿ ನೆನಪಿಟ್ಟುಕೊಂಡು ಕೇಳುವವರಿದ್ದಾರೆ. ಅದು ಆ ಹೊತ್ತಿಗೆ ಮಾತ್ರ. ಈಗ ಹಣದ ತೊಂದರೆ ಅಂತ ಹೇಳಿ ಷರತ್ತು ಬದಲಿಸಿದರೆ ಅದು ರೀಸ್ಟ್ರಕ್ಚರಿಂಗ್. ಸಾಮಾನ್ಯ ನಿಯಮದಲ್ಲಿ ಖಾತೆಯನ್ನು ಆಗಲೇ ಎನ್‌ಪಿಎಗೆ ಇಳಿಸಬೇಕಾಗುತ್ತೆ. ಸಹಿ ಹಾಕುವ ಮುಂಚೆ "ಇದರಿಂದ ಖಾತೆ ವರ್ಗೀಕರಣ ಏನಾಗುತ್ತೆ" ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರವೂ ಇಮೇಲ್‌ನಲ್ಲೇ ಬರಲಿ.

ಬಡ್ಡಿದರ ಬೇರೆ ವಿಷಯ. 2025ರಲ್ಲಿ ರೆಪೋ (ಆರ್‌ಬಿಐ ಬ್ಯಾಂಕ್‌ಗಳಿಗೆ ಸಾಲ ಕೊಡುವ ದರ) ಒಟ್ಟು 1.25% ಇಳಿದಿದೆ. ಸಾಲ ಇನ್ನೂ ಬ್ಯಾಂಕ್ ತಾನೇ ಲೆಕ್ಕ ಹಾಕುವ ಎಂಸಿಎಲ್‌ಆರ್ ದರದಲ್ಲಿದ್ದರೆ ರೆಪೋಗೆ ಬದಲಿಸಿಕೊಳ್ಳಲು ಅರ್ಜಿ ಕೊಡಿ. ದರ 7.75%ಗೆ ಬಂದರೆ ಕಂತು ಸುಮಾರು 33,180. ದರ ಇಳಿದಾಗ ಬ್ಯಾಂಕ್‌ಗಳು ಕಂತು ಹಾಗೇ ಬಿಟ್ಟು ಅವಧಿ ಕಡಿಮೆ ಮಾಡುತ್ತವೆ. ನಿಮಗೆ ಬೇಕಿರುವುದು ಕಂತು ಇಳಿಸುವುದು ಅಂತ ಸ್ಪಷ್ಟವಾಗಿ ಬರೆಯಿರಿ.

ಒಟ್ಟಿನಲ್ಲಿ 15,000 ಆದಾಯ ಬಡ್ಡಿಗೇ ಸಾಲದು. ಕಂತನ್ನು ಹೇಗೆ ಎಳೆದರೂ ಈ ಸಾಲ ನಿಲ್ಲುವುದಿಲ್ಲ. ಲೆಡ್ಜರ್‌ಪುಟ ಹೇಳಿದ ಆರು ತಿಂಗಳು, ವಿಮೆ ಬರುತ್ತಾ ಅಣ್ಣ ಕೆಲಸಕ್ಕೆ ಮರಳುತ್ತಾರಾ ಅಂತ ತಿಳಿಯುವುದಕ್ಕೆ. ಎರಡೂ ಇಲ್ಲ ಅಂದರೆ ನವೆಂಬರ್‌ಗೇ ಮಾರುವ ಮಾತಾಡಿ.

ಹುಬ್ಬಳ್ಳಿ_ಕಟ್ಟೆ:
ಅಣ್ಣನಿಗೆ ಸಹಿ ಮಾಡಲು ಆಗಲ್ಲ. ಎಡಗೈ ಸಹಿ ಹೊಂದುವುದಿಲ್ಲ ಅಂತ ಬ್ಯಾಂಕ್ ಅರ್ಜಿ ವಾಪಸ್ ಕೊಟ್ಟಿದೆ. ಪಿಎಫ್ ತೆಗೆಯಬಹುದಾ? ಮಾರುವುದಾದರೆ ಹೇಗೆ? ಅತ್ತಿಗೆಯ ಒಡವೆ ಇಡುವ ಯೋಚನೆಯೂ ಇದೆ.

ಕಾನೂನುಪುಟ:
ಸಹಿ ಮಾಡಲಾಗದ ಗ್ರಾಹಕರಿಗೆ ಆರ್‌ಬಿಐ ನಿಯಮವೇ ಇದೆ: ಹೆಬ್ಬೆಟ್ಟು ಒತ್ತಿಸಿ, ಇಬ್ಬರು ಸ್ವತಂತ್ರ ಸಾಕ್ಷಿಗಳು ಗುರುತಿಸಬೇಕು, ಅದರಲ್ಲಿ ಒಬ್ಬರು ಬ್ಯಾಂಕ್ ಅಧಿಕಾರಿ. ಅದನ್ನೇ ಉಲ್ಲೇಖಿಸಿ ಬರೆಯಿರಿ, ಮನೆಗೆ ಅಧಿಕಾರಿ ಕಳಿಸಲು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್. (ಸಾಲ ಹೌಸಿಂಗ್ ಫೈನಾನ್ಸ್ ಕಂಪನಿಯದಾಗಿದ್ದರೆ ದೂರು ಹೋಗುವುದು ನ್ಯಾಷನಲ್ ಹೌಸಿಂಗ್ ಬ್ಯಾಂಕ್, ಅಂದರೆ ಎನ್‌ಎಚ್‌ಬಿಗೆ.) ಬುದ್ಧಿ ಸರಿಯಿರುವಾಗಲೇ ಅತ್ತಿಗೆ ಹೆಸರಿಗೆ ನೋಂದಾಯಿತ ಜಿಪಿಎ (ಅಧಿಕಾರ ಪತ್ರ) ಮಾಡಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಲಾಗದವರ ಮನೆಗೇ ಬಂದು ನೋಂದಾಯಿಸಲು ಕಾನೂನಿನಲ್ಲಿ ಅವಕಾಶವಿದೆ, ಅರ್ಜಿ ಮತ್ತು ಶುಲ್ಕ ಬೇಕು. ಮತ್ತೊಂದು ಸ್ಟ್ರೋಕ್ ಆಗಿ ಪ್ರಜ್ಞೆ ಹೋದರೆ ಜಿಪಿಎ ಮಾಡಿಸುವಂತೆಯೇ ಇಲ್ಲ, ಆಗ ಕೋರ್ಟ್ ದಾರಿ.

ಪಿಎಫ್‌ನಿಂದ ಕಾಯಿಲೆ ಕಾರಣಕ್ಕೆ ಫಾರಂ 31ರಲ್ಲಿ ತೆಗೆಯಬಹುದು. ಪಾರ್ಶ್ವವಾಯು ಪಿಎಫ್ ಯೋಜನೆಯ ಹಳೆಯ 68-ಜೆ ನಿಯಮದ ಕಾಯಿಲೆ ಪಟ್ಟಿಯಲ್ಲೇ ಇತ್ತು. ನಿಯಮ ಸರಳಗೊಳಿಸುವ ತೀರ್ಮಾನ 2025ರ ಅಕ್ಟೋಬರ್‌ನಲ್ಲಿ ಆಗಿದೆ, ಆದ್ದರಿಂದ ಎಷ್ಟು ಸಿಗುತ್ತೆ ಅನ್ನುವುದನ್ನು ಪೋರ್ಟಲ್‌ನಲ್ಲೇ ನೋಡಿ. ಯುಎಎನ್‌ಗೆ (ಪಿಎಫ್ ಸದಸ್ಯ ಸಂಖ್ಯೆ) ಜೋಡಿಸಿದ ಖಾತೆ ಸಾಲ ಕೊಟ್ಟ ಬ್ಯಾಂಕಿನದೇ ಆಗಿದ್ದರೆ ಮೊದಲು ಬೇರೆ ಬ್ಯಾಂಕಿಗೆ ಬದಲಿಸಿ. ಬಂದ ಹಣವನ್ನು ಬಾಕಿಗೆ ಮುರಿದುಕೊಂಡರೆ ಔಷಧಿಗೂ ಉಳಿಯಲ್ಲ. ಅಂಗವೈಕಲ್ಯದಿಂದ ಕಂಪನಿಯೇ ಕೆಲಸದಿಂದ ತೆಗೆದರೆ ಗ್ರಾಚ್ಯುಟಿಗೆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ, ಕೇಳಿ ಪಡೆಯಿರಿ.

ಒಡವೆ ಈಗ ಇಡಬೇಡಿ. ಕಂತು ಕಟ್ಟಲು ಒಡವೆ ಸಾಲ ಅಂದರೆ ಬಡ್ಡಿ ಕಟ್ಟಲು ಇನ್ನೊಂದು ಬಡ್ಡಿ. ಕ್ಲೇಮ್ ಮಂಜೂರಾಗಿದೆ, ಹಣ ಬರಲು ತಿಂಗಳಿದೆ ಅನ್ನುವ ಹಂತದಲ್ಲಿ ಮಾತ್ರ ಅದು ಸರಿ.

ಮಾರುವುದಾದರೆ ನೋಟಿಸ್ ಬರುವ ಮುಂಚೆ ಮಾರಿ. ಬ್ಯಾಂಕಿನಿಂದ ಫೋರ್‌ಕ್ಲೋಷರ್ ಪತ್ರ (ಸಾಲ ಮುಗಿಸಲು ಕಟ್ಟಬೇಕಾದ ಮೊತ್ತದ ಪತ್ರ), ಅವರ ಬಳಿಯಿರುವ ಮೂಲ ದಾಖಲೆಗಳ ಪಟ್ಟಿ ತೆಗೆದುಕೊಳ್ಳಿ. ಫ್ಲೋಟಿಂಗ್ ಸಾಲಕ್ಕೆ ಮುಂಚೆ ತೀರಿಸುವ ಶುಲ್ಕವಿಲ್ಲ. ಕೊಳ್ಳುವವರ ಬ್ಯಾಂಕ್ ನೇರ ನಿಮ್ಮ ಸಾಲದ ಖಾತೆಗೆ ಕಟ್ಟುತ್ತೆ, ಉಳಿದದ್ದು ನಿಮಗೆ. ಸಾಲಕ್ಕಾಗಿ ಮನೆಯ ಹಕ್ಕುಪತ್ರ ಬ್ಯಾಂಕಿನಲ್ಲಿ ಠೇವಣಿ ಇಟ್ಟದ್ದರ ರದ್ದತಿ ನೋಂದಾಯಿಸಿ, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಬಂದಿದೆಯಾ ನೋಡಿ. ಸಾಲ ತೀರಿ 30 ದಿನದಲ್ಲಿ ಬ್ಯಾಂಕ್ ಮೂಲಪತ್ರ ಕೊಡಬೇಕು, ಅವರದೇ ತಡವಾದರೆ ದಿನಕ್ಕೆ ₹5,000 ಪರಿಹಾರ. ಇ-ಖಾತಾ ಆಗಿಲ್ಲದಿದ್ದರೆ ಈಗಲೇ ಅರ್ಜಿ ಹಾಕಿ, ಕೊನೇ ಗಳಿಗೆಯಲ್ಲಿ ವ್ಯಾಪಾರ ನಿಲ್ಲುವುದು ಅಲ್ಲೇ.

ಇಷ್ಟೆಲ್ಲ ಮಾಡಿಯೂ ಸರ್ಫೇಸಿ (ಅಡವಿಟ್ಟ ಮನೆಯನ್ನು ಬ್ಯಾಂಕ್ ವಶಪಡಿಸಿಕೊಳ್ಳುವ ಕಾಯ್ದೆ) 13(2) ನೋಟಿಸ್ ಬಂದರೆ 60 ದಿನ ಇರುತ್ತೆ. ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಡಿ, ಬ್ಯಾಂಕ್ 15 ದಿನದಲ್ಲಿ ಕಾರಣ ಸಹಿತ ಉತ್ತರಿಸಲೇಬೇಕು. ವಿಮೆ ಕ್ಲೇಮ್ ಬಾಕಿಯಿರುವ ವಿಷಯ, ಕ್ಲೇಮ್ ಸಂಖ್ಯೆ ಅದರಲ್ಲಿರಲಿ. ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಹರಾಜಿನ ಪ್ರಕಟಣೆ ಹೊರಡುವವರೆಗೆ ಪೂರ್ತಿ ಬಾಕಿ ಮತ್ತು ಖರ್ಚು ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕಿದೆ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಕರೆಯ ದಿನ, ಹೊತ್ತು ಬರೆದಿಟ್ಟುಕೊಂಡು ದೂರಿಗೆ ಲಗತ್ತಿಸಿ.