ಮನೆಯೊಳಗೆ ಎಲ್‌ಇಡಿ ಬೆಳಕಿನಲ್ಲಿ ಮೆಣಸಿನಕಾಯಿ ಸಸಿ: ಉದ್ದಕ್ಕೆ ಎಳೆದುಕೊಂಡು ವಾಲುತ್ತಿವೆ, ಏನು ಮಾಡಲಿ?

ಹೊಸಚಿಗುರು:

ಎಲ್ಲರಿಗೂ ನಮಸ್ಕಾರ. ಗಿಡ ಬೆಳೆಸುವುದು ನನಗೆ ಪೂರ್ತಿ ಹೊಸದು. ಮನೆಯಲ್ಲಿ ಬಿಸಿಲು ಬೀಳುವ ಜಾಗವೇ ಇಲ್ಲ. ಅದಕ್ಕೆ ಒಂದು ಮೂಲೆಯಲ್ಲಿ 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಗ್ರೋ ಟೆಂಟ್ (ಗಿಡ ಬೆಳೆಸುವ ಮುಚ್ಚಿದ ಬಟ್ಟೆಗೂಡು) ನಿಲ್ಲಿಸಿ, ಮೇಲೆ ಬಿಳಿ ಎಲ್‌ಇಡಿ ಪ್ಯಾನೆಲ್ ತೂಗುಹಾಕಿ ಮೆಣಸಿನಕಾಯಿ ಬೀಜ ಹಾಕಿದೆ. ಮೊಳಕೆ ಚೆನ್ನಾಗಿಯೇ ಬಂತು. ಈಗ ಬೀಜದೆಲೆ ಬಿಟ್ಟು ಎರಡು ಜೊತೆ ಎಲೆ ಬಂದಿವೆ. ಆದರೆ ಕಾಂಡ ದಾರದ ಹಾಗೆ ಸಣ್ಣಗಿದೆ, ಸಸಿ ಉದ್ದಕ್ಕೆ ಹೋಗಿ ಒಂದು ಕಡೆ ವಾಲುತ್ತಿದೆ. ಕೆಳಗಿನ ಎಲೆ ಸ್ವಲ್ಪ ಹಳದಿಯಾಗಿದೆ. ಜೊತೆಗೆ ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿವೆ.

ಪ್ಯಾನೆಲ್ ಡಬ್ಬದ ಮೇಲೆ 1000 ವ್ಯಾಟ್ ಅಂತ ಬರೆದಿದೆ. ಗಿಡದ ತಲೆಯಿಂದ ಸುಮಾರು 75 ಸೆಂ.ಮೀ. ಮೇಲಿದೆ, ದಿನಕ್ಕೆ 12 ಗಂಟೆ ಉರಿಯುತ್ತದೆ. ಅರ್ಧ ಕೋಕೋಪೀಟ್, ಅರ್ಧ ಎರೆಗೊಬ್ಬರ ಬೆರೆಸಿದ್ದೇನೆ. ದಿನಾ ಸ್ವಲ್ಪ ಸ್ವಲ್ಪ ನೀರು ಕೊಡುತ್ತೇನೆ. ಹಳದಿಯಾಗಿದ್ದಕ್ಕೆ ಗೊಬ್ಬರ ಕೊಡು ಅಂತ ಒಬ್ಬರು, ಬೆಳಕು ಜಾಸ್ತಿಯಾಗಿದೆ ಅಂತ ಇನ್ನೊಬ್ಬರು. ಯಾವುದು ಸರಿ? ಸಸಿಗಳನ್ನು ಕಿತ್ತು ಮತ್ತೆ ಬೀಜ ಹಾಕಬೇಕಾ?

ಬೆಳಕಿನಲೆಕ್ಕ:

ಕೀಳಬೇಡಿ. ಈ ಹಂತದ ಸಸಿ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಗೊಬ್ಬರವನ್ನೂ ಸದ್ಯಕ್ಕೆ ಮುಟ್ಟಬೇಡಿ. ನಿಮ್ಮ ಸಸಿಗೆ ಬೆಳಕು ಸಾಲುತ್ತಿಲ್ಲ, ಅದಕ್ಕೇ ಬೆಳಕು ಹುಡುಕಿಕೊಂಡು ಮೇಲಕ್ಕೆ ಎಳೆದುಕೊಳ್ಳುತ್ತಿದೆ. ಉಳಿದ ತೊಂದರೆಗಳೂ ಬಹುಪಾಲು ಇದರಿಂದಲೇ ಶುರುವಾಗಿವೆ ಅಂತ ನನ್ನ ಅನಿಸಿಕೆ. ಗಿಡ ಎಷ್ಟು ಬೆಳಕು ತಿನ್ನುತ್ತದೋ ಅದಕ್ಕೆ ತಕ್ಕಷ್ಟೇ ನೀರು, ಗೊಬ್ಬರ ಎಳೆಯುತ್ತದೆ. ಬೆಳಕು ಕಮ್ಮಿಯಿದ್ದಾಗ ನೀರು ಜಾಸ್ತಿ ಕೊಟ್ಟರೆ ಅದು ಕುಂಡದಲ್ಲೇ ಉಳಿಯುತ್ತದೆ, ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ, ಎಲೆ ಹಳದಿಯಾಗುತ್ತದೆ, ಆ ಒದ್ದೆಗೆ ನೊಣ ಬರುತ್ತದೆ. ಹಳದಿ ಎಲೆ ನೋಡಿ ಗೊಬ್ಬರ ಹಾಕಿದರೆ ಉಪ್ಪಿನಂಶ ಏರಿ ಬೇರು ಸುಡುತ್ತದೆ.

ಡಬ್ಬದ ಮೇಲಿನ 1000 ವ್ಯಾಟ್ ನಂಬಬೇಡಿ. ಅದು ಬೇರೆ ಯಾವುದೋ ಹಳೆಯ ದೀಪಕ್ಕೆ ಸಮ ಅಂತ ಹೇಳುವ ಅಂಕಿ. ಪ್ಯಾನೆಲ್ ನಿಜವಾಗಿ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದು ಹಿಂಭಾಗದ ಚೀಟಿಯಲ್ಲೋ ಜೊತೆಗೆ ಬಂದ ಕಾಗದದಲ್ಲೋ ಸಣ್ಣ ಅಕ್ಷರದಲ್ಲಿರುತ್ತದೆ. ಇಷ್ಟು ಚಿಕ್ಕ ಪ್ಯಾನೆಲ್ ಆದರೆ 100 ವ್ಯಾಟ್ ಆಸುಪಾಸು ಇರಬಹುದು, ನೋಡಿ ಹೇಳಿ.

ಇನ್ನೊಂದು ಕೆಲಸ ಮಾಡಿ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು, ಗಿಡದ ತಲೆಯ ಮಟ್ಟದಲ್ಲಿ ಸೆನ್ಸರ್ ಮೇಲೆ ಮಾಡಿ ಹಿಡಿದು ಓದಿ. ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿಗೆ ಕಾಣುವ ಬೆಳಕಿನ ಅಳತೆ. ಗಿಡಕ್ಕೆ ಬೇಕಾದದ್ದು 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಸೆಕೆಂಡಿಗೆ ಒಂದು ಚದರ ಮೀಟರಿನಲ್ಲಿ ಎಷ್ಟು ಬೀಳುತ್ತವೆ ಅನ್ನುವ ಎಣಿಕೆ, ಅದನ್ನು ಮೈಕ್ರೋಮೋಲ್‌ನಲ್ಲಿ ಹೇಳುತ್ತಾರೆ. ಬಿಳಿ ಎಲ್‌ಇಡಿ ಆದರೆ ಲಕ್ಸನ್ನು 65ರಿಂದ ಭಾಗಿಸಿ, ಸುಮಾರಾಗಿ ಸರಿಯಾದ ಅಂಕಿ ಬರುತ್ತದೆ. ನೇರಳೆ ಬಣ್ಣದ ದೀಪಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಲಕ್ಸ್ ತುಂಬಾ ಕಮ್ಮಿ ತೋರಿಸುತ್ತದೆ. ಮೊಬೈಲ್ ಸೆನ್ಸರ್ ಪಕ್ಕಾ ಅಲ್ಲ ಅನ್ನುವುದು ನಿಜ, ಆದರೂ ಕಣ್ಣಂದಾಜಿಗಿಂತ ಎಷ್ಟೋ ವಾಸಿ. ಮಂದ ಬೆಳಕಿಗೆ ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಹಾಗಾಗಿ ಮನೆಯೊಳಗಿನ ಬೆಳಕು ಯಾವಾಗಲೂ ಇರುವುದಕ್ಕಿಂತ ಜಾಸ್ತಿ ಅನ್ನಿಸುತ್ತದೆ.

ಹೊಸಚಿಗುರು:

ತುಂಬಾ ಥ್ಯಾಂಕ್ಸ್. ನೋಡಿದೆ, ಹಿಂದೆ 100 ವ್ಯಾಟ್ ಅಂತಲೇ ಇದೆ! ಸಸಿಯ ಮಟ್ಟದಲ್ಲಿ ಲಕ್ಸ್ ಸುಮಾರು 6000 ತೋರಿಸುತ್ತಿದೆ. ಅಂದರೆ 90 ಮೈಕ್ರೋಮೋಲ್ ಹತ್ತಿರ ಅಲ್ವಾ? ಅದು ಕಮ್ಮಿಯಾ? ಪ್ಯಾನೆಲ್ ಇಳಿಸಿದರೆ ಸುಟ್ಟುಹೋಗುತ್ತದೆ ಅನ್ನುವ ಭಯಕ್ಕೆ ಅಷ್ಟು ಮೇಲೆ ಕಟ್ಟಿದ್ದು.

ಬೆಳಕಿನಲೆಕ್ಕ:

ಕಮ್ಮಿ. ದಿನವಿಡೀ ಬಿದ್ದ ಬೆಳಕನ್ನು ಒಟ್ಟು ಮಾಡಿ ನೋಡಿದರೆ ಗೊತ್ತಾಗುತ್ತದೆ. ಮೈಕ್ರೋಮೋಲನ್ನು ಗಂಟೆಯಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿ. ನಿಮ್ಮದು 90 × 12 × 0.0036, ಅಂದರೆ ದಿನಕ್ಕೆ 4 ಮೋಲ್ (ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್) ಕೂಡ ಇಲ್ಲ. ಮೆಣಸಿನ ಸಸಿ ಗಟ್ಟಿಯಾಗಿ ಬೆಳೆಯಲು 12 ಆದರೂ ಸಿಗಲಿ. ಮುಂದೆ ಹೂ ಬಿಟ್ಟು ಕಾಯಿ ಕಚ್ಚಬೇಕು ಅಂದರೆ 20ಕ್ಕಿಂತ ಮೇಲೆ ಬೇಕು.

ಪ್ಯಾನೆಲನ್ನು 40 ಸೆಂ.ಮೀ.ವರೆಗೆ ತನ್ನಿ. ಒಂದೇ ದಿನಕ್ಕೆ ಇಳಿಸಬೇಡಿ, ಮಂದ ಬೆಳಕಿನಲ್ಲಿ ಬೆಳೆದ ಎಲೆ ತೆಳ್ಳಗಿರುತ್ತದೆ. ಒಂದು ವಾರ ತೆಗೆದುಕೊಂಡು, ಎರಡು ದಿನಕ್ಕೊಮ್ಮೆ ಹತ್ತು ಸೆಂ.ಮೀ. ಹಾಗೆ ಇಳಿಸುತ್ತಾ ಬನ್ನಿ. ಟೈಮರ್ 16 ಗಂಟೆಗೆ ಇಡಿ. ಅಲ್ಲಿ ಲಕ್ಸ್ 14,000 ಬಂದರೆ ಸರಿಸುಮಾರು 215 ಮೈಕ್ರೋಮೋಲ್, ದಿನಕ್ಕೆ 12 ಮೋಲ್ ದಾಟುತ್ತದೆ. ಜಾಸ್ತಿಯಾದರೆ ಗಿಡವೇ ಹೇಳುತ್ತದೆ: ಮೇಲಿನ ಎಲೆಗಳು ಬಿಳಿಚಿಕೊಳ್ಳುತ್ತವೆ, ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ. ಆಗ ಒಂದು ಗೇಣು ಮೇಲೆತ್ತಿದರೆ ಆಯಿತು.

ಬೇರುಮಣ್ಣು:

ಬೆಳಕಿನ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನಾನು ಮಣ್ಣು ನೀರಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಮನೆಯೊಳಗೆ ಸಸಿ ಸಾಯುವುದು ಬಹುತೇಕ ಇಲ್ಲೇ. ಅರ್ಧಕ್ಕರ್ಧ ಎರೆಗೊಬ್ಬರ ತುಂಬಾ ಆಯಿತು. ಅದೂ ನೀರು ಹಿಡಿಯುತ್ತದೆ, ಕೋಕೋಪೀಟೂ ಹಿಡಿಯುತ್ತದೆ, ನಡುವೆ ಗಾಳಿಗೆ ಜಾಗವೇ ಇಲ್ಲ. ಮುಂದಿನ ಕುಂಡಕ್ಕೆ ಹಾಕುವಾಗ ಕೋಕೋಪೀಟ್ ಅರ್ಧ, ಎರೆಗೊಬ್ಬರ ಕಾಲು ಭಾಗ, ಉಳಿದ ಕಾಲು ಪರ್ಲೈಟ್ (ಮಣ್ಣು ಸಡಿಲವಾಗಿಡುವ ಹಗುರವಾದ ಬಿಳಿ ಕಾಳು) ಇರಲಿ. ಕೋಕೋಪೀಟನ್ನು ಮೊದಲು ಚೆನ್ನಾಗಿ ತೊಳೆದು ಉಪ್ಪು ಬಿಡಿಸಿ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದಿಟ್ಟುಕೊಂಡು ಬದಲಿಗೆ ಪೊಟ್ಯಾಶಿಯಂ ಬಿಡುತ್ತದೆ, ಆದ್ದರಿಂದ ಕೋಕೋಪೀಟಿನಲ್ಲಿ ಬೆಳೆಸುವವರಿಗೆ ಆಮೇಲೆ ಕ್ಯಾಲ್ಸಿಯಂ ಕೊರತೆ ಕಾಡುವುದು ಸಾಮಾನ್ಯ.

ದಿನಾ ಸ್ವಲ್ಪ ಸ್ವಲ್ಪ ನೀರು ಕೊಡುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಹಾಗೆ ಕೊಟ್ಟರೆ ಮೇಲ್ಪದರ ಯಾವಾಗಲೂ ಒದ್ದೆ, ತಳ ಎಷ್ಟು ಒದ್ದೆ ಅಂತ ಗೊತ್ತೇ ಆಗುವುದಿಲ್ಲ. ಕೊಟ್ಟರೆ ತಳದಿಂದ ಹರಿಯುವಷ್ಟು ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಆಮೇಲೆ ಕುಂಡ ಹಗುರವಾಗುವವರೆಗೆ ಮುಟ್ಟಬೇಡಿ. ನೀರು ಕೊಟ್ಟ ತಕ್ಷಣ ಒಮ್ಮೆ ಕುಂಡ ಎತ್ತಿ ನೋಡಿ, ಭಾರ ಕೈಗೆ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಹಾಗೇ ಎತ್ತಿ ನೋಡುವ ಅಭ್ಯಾಸ ಮಾಡಿಕೊಂಡರೆ ಯಾವ ಮೀಟರೂ ಬೇಡ.

ಆ ಕಪ್ಪು ನೊಣ ಎಲೆಗೆ ಏನೂ ಮಾಡುವುದಿಲ್ಲ. ಮೊಟ್ಟೆ ಇಡುವುದು ಮೇಲಿನ ಎರಡು ಮೂರು ಸೆಂ.ಮೀ. ಒದ್ದೆ ಮಣ್ಣಿನಲ್ಲಿ. ಅದರ ಹುಳು ಮಣ್ಣಿನ ಬೂಷ್ಟು ತಿನ್ನುತ್ತದೆ, ಜೊತೆಗೆ ಎಳೆಯ ಬೇರನ್ನೂ ಕಡಿಯುತ್ತದೆ. ದೊಡ್ಡ ಗಿಡ ತಡೆದುಕೊಳ್ಳುತ್ತದೆ, ಸಸಿ ತಡೆಯುವುದಿಲ್ಲ. ಮೇಲ್ಪದರ ಒಣಗಲು ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಹಳದಿ ಅಂಟು ಹಾಳೆ ಕುಂಡದ ಪಕ್ಕ ಚುಚ್ಚಿ, ಹಾರುವವು ಅಂಟಿಕೊಳ್ಳುತ್ತವೆ. ಹುಳುವಿಗೆ ಬಿಟಿಐ ಅನ್ನುವ ಬ್ಯಾಕ್ಟೀರಿಯಾ ಪುಡಿ ಇದೆ, ನೀರಿನಲ್ಲಿ ಕಲಸಿ ಮಣ್ಣಿಗೆ ಹಾಕುವುದು. ಕೊಳ್ಳುವಾಗ ಹೆಸರು ಪೂರ್ತಿ ಓದಿ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಅಂತ ಇರಬೇಕು. ಕುರ್‌ಸ್ಟಾಕಿ ಅಂತ ಇದ್ದರೆ ಅದು ಎಲೆ ತಿನ್ನುವ ಕಂಬಳಿಹುಳುವಿಗೆ, ಇದಕ್ಕೆ ಉಪಯೋಗವಿಲ್ಲ. ಮೊಟ್ಟೆಯಿಂದ ನೊಣ ಆಗಲು ಮೂರು ನಾಲ್ಕು ವಾರ ಹಿಡಿಯುವುದರಿಂದ ಅಷ್ಟು ದಿನ ಬಿಡದೆ ಮುಂದುವರಿಸಬೇಕು. ಒಂದು ವಾರಕ್ಕೆ ನೊಣ ಕಮ್ಮಿಯಾಯಿತು ಅಂತ ನಿಲ್ಲಿಸಿದರೆ ಮಣ್ಣಿನಲ್ಲಿ ಉಳಿದವು ಮತ್ತೆ ಏಳುತ್ತವೆ.

ಕುಂಡ ಬದಲಿಸುವಾಗ ವಾಲಿದ ಕಾಂಡವನ್ನು ಬೀಜದೆಲೆಯ ಸ್ವಲ್ಪ ಕೆಳಗಿನವರೆಗೆ ಹೂಳಬಹುದು. ಟೊಮೆಟೊ ಹಾಗೆ ಕಾಂಡದುದ್ದಕ್ಕೂ ಬೇರು ಬಿಡುವ ಗಿಡ ಇದಲ್ಲ, ಅದಕ್ಕಿಂತ ಆಳ ಬೇಡ.

ಗಾಳಿಕಿಂಡಿ:

ಒಂದು ಚಿಕ್ಕ ಫ್ಯಾನ್ ಇದೆಯಾ? ಇಲ್ಲದಿದ್ದರೆ ಇಡಿ. ಎಲೆ ಮೆಲ್ಲಗೆ ಅಲ್ಲಾಡುವಷ್ಟು ಗಾಳಿ ಸಾಕು. ಕಾಂಡ ಅಲ್ಲಾಡುತ್ತಿದ್ದರೆ ಗಿಡ ಅದನ್ನು ದಪ್ಪ ಮಾಡಿಕೊಳ್ಳುತ್ತದೆ. ಬುಡ ಕೊಳೆತು ಸಸಿ ಮುರಿದು ಬೀಳುವ ರೋಗವೂ ನಿಂತ ಗಾಳಿ, ಒದ್ದೆ ಮಣ್ಣು ಎರಡೂ ಇದ್ದಲ್ಲೇ ಜಾಸ್ತಿ. ಇನ್ನು ಕರೆಂಟಿನ ವಿಷಯ. ನೀರು, ವಿದ್ಯುತ್ ಎರಡೂ ಒಂದೇ ಟೆಂಟಿನೊಳಗಿವೆ ಅನ್ನುವುದು ಸದಾ ನೆನಪಿರಲಿ. ಪ್ಲಗ್ ಬೋರ್ಡು ನೆಲದ ಮೇಲೆ ಬೇಡ, ಎತ್ತರದಲ್ಲಿ ಕಟ್ಟಿ. ಪ್ಲಗ್‌ಗೆ ಹೋಗುವ ವೈರ್ ಮೊದಲು ಕೆಳಗೆ ಜೋತು ಬಿದ್ದು ಆಮೇಲೆ ಮೇಲಕ್ಕೆ ಏರುವಂತಿರಲಿ, ವೈರಿನ ಮೇಲೆ ನೀರು ಹರಿದರೂ ಆ ಜೋತಿನಲ್ಲೇ ತೊಟ್ಟಿಕ್ಕುತ್ತದೆ. ನೀರು ಸಿಂಪಡಿಸುವಾಗ ಪ್ಯಾನೆಲ್ ಆರಿಸಿ.

ಹೊಸಚಿಗುರು:

ಎಲ್ಲ ಹಾಗೇ ಮಾಡಿದೆ. ಹೊಸ ಎಲೆಗಳು ಅಗಲವಾಗಿ, ಒಳ್ಳೆ ಹಸಿರಾಗಿ ಬರುತ್ತಿವೆ, ಕಾಂಡವೂ ಗಟ್ಟಿಯಾಗಿದೆ. ನಿಜಕ್ಕೂ ಖುಷಿಯಾಗುತ್ತಿದೆ. ಇನ್ನೆರಡು ಪ್ರಶ್ನೆ. ಎಲೆಯ ಕೆಳಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಿವೆ, ಉಪ್ಪಿನ ಕಾಳು ಅಂಟಿದ ಹಾಗೆ. ಹುಳುವಿನ ಮೊಟ್ಟೆಯಾ? ಇನ್ನೊಂದು, ಹೂ ಬರಬೇಕಾದರೆ ಬೆಳಕನ್ನು 12 ಗಂಟೆಗೆ ಇಳಿಸಬೇಕು ಅಂತ ಓದಿದೆ. ಯಾವಾಗ ಇಳಿಸಲಿ?

ಬೇರುಮಣ್ಣು:

ಉಗುರಿನಲ್ಲಿ ಕೆರೆದು ನೋಡಿ. ಮೊಟ್ಟೆ ಆದರೆ ಉದುರುತ್ತದೆ. ಉದುರದೆ ಎಲೆಯ ಮೈಯೇ ಉಬ್ಬಿದ್ದರೆ ಅದು ರೋಗವೂ ಅಲ್ಲ, ಹುಳುವೂ ಅಲ್ಲ. ಮೆಣಸು, ಟೊಮೆಟೊ ಎರಡಕ್ಕೂ ಎಲ್‌ಇಡಿ ಕೆಳಗೆ ಇದು ಬರುತ್ತದೆ, ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಈ ದೀಪಗಳಲ್ಲಿ ಇಲ್ಲದಿರುವುದು ಒಂದು ಕಾರಣ, ಗಾಳಿಯಲ್ಲಿ ತೇವ ಜಾಸ್ತಿಯಿದ್ದು ಮಣ್ಣೂ ಒದ್ದೆಯಿದ್ದರೆ ಇನ್ನೂ ಹೆಚ್ಚುತ್ತದೆ. ಪಕ್ಕದ ಗಿಡಕ್ಕೆ ಅಂಟುವುದಿಲ್ಲ. ಔಷಧಿ ಹೊಡೆಯಬೇಡಿ, ಗಾಳಿ ಆಡಲಿ, ಗಾಳಿಯ ತೇವ 50ರಿಂದ 70 ಶೇಕಡ ಒಳಗಿರಲಿ.

ಬೆಳಕಿನಲೆಕ್ಕ:

ಇಳಿಸಲೇಬೇಡಿ. ಆ 12 ಗಂಟೆ ಲೆಕ್ಕ ಸೇವಂತಿಗೆ, ಗಾಂಜಾ ಥರದ ಗಿಡಗಳದ್ದು. ಅವುಗಳಲ್ಲಿ ಬಹುಪಾಲು ತಳಿಗಳು ರಾತ್ರಿ ಉದ್ದವಾದರೆ ಮಾತ್ರ ಹೂಬಿಡುತ್ತವೆ. ಮೆಣಸು ಹಾಗಲ್ಲ, ವಯಸ್ಸಿಗೆ ಬಂದಾಗ ತಾನಾಗಿ ಹೂ ಬಿಡುತ್ತದೆ, ರಾತ್ರಿಯ ಉದ್ದ ಅದಕ್ಕೆ ಅಷ್ಟಾಗಿ ಲೆಕ್ಕಕ್ಕಿಲ್ಲ. ನೀವು 12ಕ್ಕೆ ಇಳಿಸಿದರೆ ಸುಮ್ನೆ ಕಾಲು ಭಾಗ ಬೆಳಕು ಕಳೆದುಕೊಳ್ಳುತ್ತೀರಿ, ಅದೂ ಕಾಯಿಗೆ ಬೆಳಕು ಬೇಕಾದ ಹೊತ್ತಿನಲ್ಲಿ. ಹಾಗಂತ 24 ಗಂಟೆಯೂ ಉರಿಸಬೇಡಿ, ಗಿಡಕ್ಕೆ ಕತ್ತಲೆಯೂ ಬೇಕು. 16 ಗಂಟೆಯೇ ಇರಲಿ, ಹೂಮೊಗ್ಗು ಕಂಡಾಗ ಪ್ಯಾನೆಲ್ ಇನ್ನಷ್ಟು ಇಳಿಸಿಯೋ ಪ್ರಕಾಶ ಏರಿಸಿಯೋ 400 ಮೈಕ್ರೋಮೋಲ್ ಹತ್ತಿರ ತನ್ನಿ.

ಗಾಳಿಕಿಂಡಿ:

ಹೂ ಬಂದ ಮೇಲೆ ಉದುರಿದರೆ ಮೊದಲು ಥರ್ಮಾಮೀಟರ್ ನೋಡಿ. ಟೆಂಟಿನೊಳಗೆ 32 ಡಿಗ್ರಿ ದಾಟಿದರೆ ಅಥವಾ ರಾತ್ರಿ 15ಕ್ಕಿಂತ ಕೆಳಗಿಳಿದರೆ ಮೆಣಸು ಹೂ ಉದುರಿಸುತ್ತದೆ. ದೀಪ ಉರಿಯುವಾಗ 22ರಿಂದ 28 ಇದ್ದರೆ ಒಳ್ಳೆಯದು. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುವುದರಿಂದ ಜೇನುನೊಣ ಬೇಕಿಲ್ಲ, ಆದರೆ ಟೆಂಟಿನೊಳಗೆ ಪರಾಗ ಉದುರಿಸುವಷ್ಟು ಅಲುಗಾಟ ಇರುವುದಿಲ್ಲ. ದಿನಕ್ಕೊಮ್ಮೆ ಕೊಂಬೆಯನ್ನು ಬೆರಳಿನಿಂದ ತಟ್ಟಿ, ಇಲ್ಲವೇ ಮೃದುವಾದ ಬ್ರಷ್ಷನ್ನು ಹೂವಿನೊಳಗೆ ಒಮ್ಮೆ ಆಡಿಸಿ.

ಎಲೆಯ ಹಿಂಭಾಗ ವಾರಕ್ಕೆ ಎರಡು ಸಲವಾದರೂ ನೋಡುತ್ತಿರಿ. ಮನೆಯೊಳಗೆ ಮಳೆಯಿಲ್ಲ, ಶತ್ರುಕೀಟ ತಿನ್ನುವ ಮಿತ್ರಕೀಟವೂ ಇಲ್ಲ, ಹಾಗಾಗಿ ಒಂದು ಗಿಡಹೇನು ಬಂದರೆ ಕೆಲವೇ ದಿನದಲ್ಲಿ ಕುಡಿಯೆಲ್ಲ ತುಂಬುತ್ತದೆ. ಗಾಳಿ ತೀರಾ ಒಣಗಿ ಬಿಸಿಯಾದರೆ ಕೆಂಪು ನುಸಿ ಬರುತ್ತದೆ, ಎಲೆ ಮೇಲೆ ಸೂಜಿಮೊನೆ ಚುಚ್ಚಿದಂಥ ಬಿಳಿ ಚುಕ್ಕಿ, ಸಣ್ಣ ಬಲೆ ಕಾಣುತ್ತದೆ. ಆರಂಭದಲ್ಲೇ ಸಿಕ್ಕರೆ ಎಲೆಯ ಹಿಂಭಾಗಕ್ಕೆ ನೀರು ಚಿಮ್ಮಿಸಿ ತೊಳೆದರೆ ಸಾಕಾಗುತ್ತದೆ. ಸಾಲದಿದ್ದರೆ ಬೇವಿನೆಣ್ಣೆ, ಆದರೆ ದೀಪ ಆರಿದ ಮೇಲೆ ಮಾತ್ರ, ಎಣ್ಣೆ ಬಿದ್ದ ಎಲೆ ಬೆಳಕಿಗೆ ಸುಡುತ್ತದೆ.

ಹೊಸಚಿಗುರು:

ಗುಳ್ಳೆ ಉದುರಲಿಲ್ಲ, ಎಲೆಯೇ ಉಬ್ಬಿದೆ. ನಿರಾಳ ಆಯಿತು. ಈಗ ಆರು ಸಸಿ ಇವೆ, ಆರನ್ನೂ ಇದೇ ಟೆಂಟಿನಲ್ಲಿ ಬೆಳೆಸಬಹುದಾ? ಗೊಬ್ಬರ ಯಾವಾಗ ಶುರು ಮಾಡಲಿ?

ಬೇರುಮಣ್ಣು:

ನಿಮ್ಮ ಮಿಶ್ರಣದಲ್ಲಿ ಎರೆಗೊಬ್ಬರ ಧಾರಾಳವಾಗಿದೆ, ಈಗಲೇ ಬೇಡ. ಹೊಸ ಎಲೆಯ ಬಣ್ಣ ತಿಳಿಯಾಗತೊಡಗಿದಾಗ ದ್ರವ ಗೊಬ್ಬರವನ್ನು ಚೀಟಿಯಲ್ಲಿ ಹೇಳಿದ್ದರ ಕಾಲು ಭಾಗದಿಂದ ಶುರು ಮಾಡಿ. ಹೂ ಬರುವ ಹೊತ್ತಿಗೆ ಸಾರಜನಕ ಜಾಸ್ತಿಯಿರುವ ಗೊಬ್ಬರ ನಿಲ್ಲಿಸಿ, ಇಲ್ಲವಾದರೆ ಬರೀ ಎಲೆ ಬಿಡುತ್ತಾ ಕೂರುತ್ತದೆ. ಕಾಯಿಯ ತುದಿ ಕಪ್ಪಾಗಿ ಮೆತ್ತಗಾದರೆ ಕ್ಯಾಲ್ಸಿಯಂ ಕಾಯಿಗೆ ತಲುಪುತ್ತಿಲ್ಲ ಅಂತ ಅರ್ಥ, ಕುಂಡ ಒಮ್ಮೆ ತೀರಾ ಒಣಗಿ ಒಮ್ಮೆ ತೀರಾ ನೆನೆದರೂ ಹೀಗಾಗುತ್ತದೆ.

ಆರು ಗಿಡ ಈ ಜಾಗಕ್ಕೆ ಆಗುವುದಿಲ್ಲ. 60 ಸೆಂ.ಮೀ. ಟೆಂಟಿಗೆ 100 ವ್ಯಾಟ್ ಬೆಳಕು ಸರಿಹೋಗುತ್ತದೆ, ಆದರೆ ಗಿಡ ಹರಡಿಕೊಂಡಾಗ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಮತ್ತೆ ಅದೇ ಎಳೆದುಕೊಳ್ಳುವ ತೊಂದರೆ ಶುರುವಾಗುತ್ತದೆ. ಕಾಂಡ ದಪ್ಪಗಿರುವ, ಗಂಟುಗಳ ನಡುವೆ ಅಂತರ ಕಮ್ಮಿಯಿರುವ ಎರಡನ್ನು ಆರಿಸಿ, 10 ಲೀಟರ್ ಕುಂಡಕ್ಕೆ ಹಾಕಿ. ಉಳಿದ ನಾಲ್ಕನ್ನು ಬಿಸಿಲಿರುವ ಮನೆಯವರು ಯಾರಾದರೂ ಇದ್ದರೆ ಕೊಟ್ಟುಬಿಡಿ. ಕೊಡುವ ಮುಂಚೆ ಮಣ್ಣಿನಲ್ಲಿ ಆ ಕಪ್ಪು ನೊಣ ಪೂರ್ತಿ ಹೋಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.