ಶೇಂಗಾ ಹಿಂಡಿ (ಚಟ್ನಿಪುಡಿ) ಡಬ್ಬಿ ಬಿಚ್ಚಿಸಿ ಯಾಕ ನೋಡ್ತಾರ? ಏರ್‌ಪೋರ್ಟ್ ಚೆಕಿಂಗ್ ಗೊತ್ತಿದ್ದೋರು ಹೇಳ್ರಿ

ಕಲಬುರಗಿ_ಮಲ್ಲು:
ನಮ್ಮವ್ವ ಬರೋ ತಿಂಗಳ ಅಮೆರಿಕಾಕ್ಕ ತಂಗಿ ಬಲ್ಲಿ ಹೊಂಟಾಳ. ನಮ್ಮೂರಿಗೂ 2019ರಾಗ ಏರ್‌ಪೋರ್ಟ್ ಬಂತು ಖರೆ, ಆದ್ರ ಫಾರಿನ್‌ಗೆ ಹೋಗೋರಿಗೆ ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟೇ ಗತಿ. ಹೋದ ಸಲ ಹೋದಾಗ ಹ್ಯಾಂಡ್ ಬ್ಯಾಗ್‌ನಾಗಿನ ಶೇಂಗಾ ಹಿಂಡಿ ಡಬ್ಬಿ ಬಿಚ್ಚಿಸಿ, ಬಿಳೀ ಪಟ್ಟಿಯಂಥದ್ದೇನೋ ಡಬ್ಬಿಗೆ ಒರಸಿ ಮಿಶಿನ್‌ನಾಗ ಇಟ್ಟು ನೋಡ್ಯಾರ, ಚಪ್ಪಲ್ ಬಿಚ್ಚಿಸ್ಯಾರ, ನೀರಿನ ಬಾಟ್ಲಿ ಕಸಕ್ಕ. ಮುದುಕಿ ಪೂರಾ ಗಾಬರಿ. ನಂಗ ತಿಳೀವಲ್ದು ಅಂದ್ರ, ಕೈಯಾಗಿನ ಸಣ್ಣ ಬ್ಯಾಗಿಗೆ ಇಷ್ಟು ಜಗ್ಗಾಡ್ತಾರ, ಬೆಲ್ಟ್ ಮ್ಯಾಲ ಹಾಕೋ ಎರಡು ದೊಡ್ಡ ಸೂಟ್‌ಕೇಸ್ ಯಾರೂ ಬಿಚ್ಚಿ ನೋಡಂಗಿಲ್ಲಲ್ಲ, ಹೆಂಗ ಇದು?

ಯಾದಗಿರಿ_ಅಕ್ಕ:
ಒಂದೊಂದು ರೂಲ್ ಹಿಂದೂ ಒಂದೊಂದು ಘಟನಾ ಅದ ತಮ್ಮಾ. 2001 ಡಿಸೆಂಬರ್‌ನಾಗ ಪ್ಯಾರಿಸ್‌ನಿಂದ ಮಯಾಮಿಗೆ ಹೊಂಟ ವಿಮಾನದಾಗ ರಿಚರ್ಡ್ ರೀಡ್ ಅನ್ನೋನು ಬೂಟಿನಾಗ ಬಾಂಬ್ ಇಟ್ಕೊಂಡು ಬೆಂಕಿಕಡ್ಡಿ ಗೀರ್ಲತ್ತಿದ್ದ, ಸುತ್ತಲಿನ ಮಂದಿ ಹಿಡಿದು ಹಾಕಿದ್ರು. ಬೂಟ್ ಬಿಚ್ಚಿಸೋದು ಅಲ್ಲಿಂದ ಬಂತು, ಅಮೆರಿಕಾದಾಗ 2006ಕ್ಕ ಎಲ್ಲಾರಿಗೂ ಕಡ್ಡಾಯ ಮಾಡಿದ್ರು, ಅದನ್ನ ತಗದಿದ್ದು 2025 ಜುಲೈದಾಗ. 2006 ಆಗಸ್ಟ್‌ನಾಗ ಲಂಡನ್‌ದಾಗ ಜ್ಯೂಸ್ ಬಾಟ್ಲಿಯೊಳಗ ಲಿಕ್ವಿಡ್ ಬಾಂಬ್ ಒಯ್ಯೋ ಸಂಚು ಸಿಕ್ತು, ಅದಕ್ಕೇ ಹ್ಯಾಂಡ್ ಬ್ಯಾಗ್‌ನಾಗ 100 ಎಂಎಲ್‌ಗಿಂತ ದೊಡ್ಡ ಬಾಟ್ಲಿ ಬ್ಯಾಡ ಅನ್ನೋ ರೂಲ್. 2009 ಕ್ರಿಸ್‌ಮಸ್ ದಿನ ಒಬ್ಬಾವ ಚಡ್ಡಿಯೊಳಗ ಬಾಂಬ್ ಹೊಲಿಸ್ಕೊಂಡು ಡೆಟ್ರಾಯಿಟ್ ವಿಮಾನ ಹತ್ತಿದ್ದ, ಅದು ಪುಡಿ ಮದ್ದು, ಅದರಾಗ ಲೋಹಾನೇ ಇಲ್ಲ, ಮೆಟಲ್ ಡಿಟೆಕ್ಟರ್ ಹೆಂಗ ಕೂಗ್ತದ? ಬಾಡಿ ಸ್ಕ್ಯಾನರ್ ಬಹಳ ಕಡೆ ಬಂದಿದ್ದು ಆಮ್ಯಾಲೆ.

ನಿಮ್ಮ ಹಿಂಡಿ ಕತಿ ಇನ್ನೂ ಮಜಾ ಅದ. 2017ರಾಗ ಸಿಡ್ನಿಯಿಂದ ಹೊಂಟ ಎತಿಹಾದ್ ವಿಮಾನಕ್ಕ ಖೈಮಾ ಮಾಡೋ ಮಿಶಿನ್‌ನಾಗ ಬಾಂಬ್ ಇಟ್ಟು ಕಳಿಸೋ ಪ್ಲಾನ್ ಬಯಲಾತು. ಮುಂದ 2018ರ ಜೂನ್ 30ರಿಂದ ಅಮೆರಿಕಾಕ್ಕ ಹೋಗೋ ವಿಮಾನದಾಗ ಹ್ಯಾಂಡ್ ಬ್ಯಾಗ್‌ನಾಗ 350 ಎಂಎಲ್‌ಗಿಂತ ಹೆಚ್ಚು ಪುಡಿ ಇದ್ರ ಬ್ಯಾರೇನೇ ಚೆಕ್ ಮಾಡ್ತಾರ. ಹಿಂಡಿ ಡಬ್ಬಿ ಅಂದ್ರ ಅರ್ಧ ಕೇಜಿಗಿಂತ ಕಮ್ಮಿ ಯಾರ ಅವ್ವ ಕಟ್ಟತಾಳ ಹೇಳ್ರಿ.

ಸುಮ್ನ_ನೋಡಾವ:
ಊರು ಸೂರೆ ಹೋದ ಮ್ಯಾಲ ಕೋಟಿ ಬಾಗಲ ಹಾಕಿದ್ರಂತ, ಇದೂ ಹಂಗೇ. ಬೂಟ್‌ನಾಗ ಬಂದ್ರ ಬೂಟ್ ಬಿಚ್ಚು, ಬಾಟ್ಲಿಯಾಗ ಬಂದ್ರ ಬಾಟ್ಲಿ ಚೆಲ್ಲು. ಮುಂದಿನಾಂವ ಹೊಸಾ ದಾರಿ ಹುಡುಕ್ತಾನ, ನಾವು ಲೈನ್‌ನಾಗ ಬರಿಗಾಲಲೇ ನಿಂದರ್ತೀವಿ.

ಬೀದರ್_ಗ್ರೌಂಡ್‌ಸ್ಟಾಫ್:
ನಾ ಒಂದು ಏರ್‌ಪೋರ್ಟ್‌ನಾಗ ಬ್ಯಾಗೇಜ್ ಕೆಲಸ ಮಾಡೀನಿ. ಮಲ್ಲಣ್ಣಾ, ಚೆಕಿನ್ ಬ್ಯಾಗ್ ಯಾರೂ ನೋಡಂಗಿಲ್ಲ ಅನ್ನೋದು ತಪ್ಪು. ಬೆಲ್ಟ್ ಒಳಗ ಹೋದಮ್ಯಾಲೆ ಅದು ಎಕ್ಸ್‌ರೇ ದಾಟ್ತದ, ಡೌಟ್ ಬಂದಿದ್ದು ಬ್ಯಾರೆ ಬೆಲ್ಟ್‌ಗೆ ಹೊಳ್ಳತದ, ಅಲ್ಲಿ ಮನಷ್ಯಾ ಕುಂತು ಸ್ಕ್ರೀನ್ ಮ್ಯಾಲ ನೋಡ್ತಾನ, ಅವಂಗೂ ತಿಳೀಲಿಲ್ಲಂದ್ರ ಪ್ಯಾಸೆಂಜರ್ ಕರಸಿ ಎದುರಿಗೇ ಬಿಚ್ಚೋದು.

ಇದಕ್ಕಿಂತ ದೊಡ್ಡದು ಬ್ಯಾಗು ಮತ್ತ ಅದರ ಮಾಲಕ ಇಬ್ರೂ ಒಂದೇ ವಿಮಾನದಾಗ ಅದಾರೇನು ಅಂತ ತಾಳೆ ನೋಡೋದು. 1985ರ ಜೂನ್ 23, ಏರ್ ಇಂಡಿಯಾದ ಕನಿಷ್ಕ ಅನ್ನೋ ವಿಮಾನ. ವ್ಯಾಂಕೂವರ್‌ನಾಗ ಬ್ಯಾಗ್ ಹಾಕಿದಾವ ವಿಮಾನ ಹತ್ತಲೇ ಇಲ್ಲ, ಬ್ಯಾಗ್ ಮಾತ್ರ ಟೊರಾಂಟೋದಾಗ ಕನಿಷ್ಕಕ್ಕ ಬಂತು. ಅವತ್ತು ಅಲ್ಲಿ ಎಕ್ಸ್‌ರೇ ಮಿಶಿನ್ ಕೆಟ್ಟು ನಿಂತಿತ್ತು, ಕೈಯಾಗ ಹಿಡಿಯೋ ಸಾಧನ ಆಡಿಸಿ ಬಿಟ್ರು. ಐರ್ಲೆಂಡ್ ಹತ್ರ ಸಮುದ್ರದ ಮ್ಯಾಲ ಒಡೀತು, 329 ಮಂದಿ ಹೋದ್ರು. ಇದಾದ್ರೂ 1988ರಾಗ ಸ್ಕಾಟ್ಲೆಂಡಿನ ಲಾಕರ್ಬಿ ಊರ ಮ್ಯಾಲ ಇನ್ನೊಂದು ವಿಮಾನ ಒಡೀತು, ಅಲ್ಲೂ ಮಾಲಕ ಇಲ್ಲದ ಬ್ಯಾಗೇ, ಟೇಪ್ ರೆಕಾರ್ಡರ್ ಒಳಗ ಮದ್ದು, 270 ಮಂದಿ. ಈಗ ಯಾರರೆ ಚೆಕಿನ್ ಮಾಡಿ ಗೇಟಿಗೆ ಬರಲಿಲ್ಲಂದ್ರ ಅವರ ಬ್ಯಾಗ್ ಹುಡುಕಿ ಕೆಳಗ ಇಳಿಸ್ತೀವಿ, ಎಷ್ಟೋ ಸಲ ಲೇಟ್ ಆಗೋದು ಅದಕ್ಕೇ, ಮಂದಿ ಏರ್‌ಲೈನ್‌ಗೆ ಬೈತಾರ. ನಮ್ಮ ದೇಶದಾಗ ವಿಮಾನ ಸುರಕ್ಷತೆಗೆ ಬಿಸಿಎಎಸ್ ಅಂತ ಸ್ವತಂತ್ರ ಇಲಾಖೆ 1987ರಾಗ ಆಗಿದ್ದೂ ಕನಿಷ್ಕ ಆದಮ್ಯಾಲೆ, ಏರ್‌ಪೋರ್ಟ್‌ಗೆ ಸಿಐಎಸ್‌ಎಫ್ ಅನ್ನೋ ಕೇಂದ್ರದ ಭದ್ರತಾ ಪಡೆ ಬಂದಿದ್ದು 1999ರ ಕಂದಹಾರ್ ಹೈಜಾಕ್ ಆದಮ್ಯಾಲೆ.

ಹಿಂಡಿ ಯಾಕ ಹಿಡೀತಾರಂದ್ರ, ಎಕ್ಸ್‌ರೇದಾಗ ಲೋಹ ನೀಲಿ ಕಾಣ್ತದ, ಅನ್ನ ಸಕ್ರಿ ಪುಡಿ ಎಲ್ಲಾ ಕಿತ್ತಳಿ ಬಣ್ಣ, ಬಾಂಬ್ ಮದ್ದೂ ಕಿತ್ತಳಿನೇ. ದಟ್ಟಗ ಒತ್ತಿ ತುಂಬಿದ ಡಬ್ಬಿ ನೋಡಿದ್ರ ಬಿಚ್ಚಲೇಬೇಕು. ಆ ಪಟ್ಟಿ ಒರಸಿ ಮಿಶಿನ್‌ಗೆ ಹಾಕಿದ್ರ ಅಂಟಿದ ಕಣ ಕಾಯಿಸಿ ಬಾಂಬ್ ಮದ್ದಿಂದೇನು ಅಂತ ನೋಡ್ತದ, ಹೊಲಕ್ಕ ಗೊಬ್ಬರ ಹಾಕಿ ಕೈ ಸರಿಯಾಗಿ ತೊಳೀದೆ ಬಂದ್ರೂ ಒಮ್ಮೊಮ್ಮೆ ಕೂಗ್ತದ, ಅಂಜಬ್ಯಾಡ್ರಿ.

ಸುಮ್ನ ನೋಡಾವ್ರಿಗೆ ಒಂದು ಮಾತು. ಸ್ಕ್ರೀನ್ ಮುಂದ ಕುಂತಾವ್ರ ಬ್ಯಾಗ್ ಚಿತ್ರದಾಗ ಸಾಫ್ಟ್‌ವೇರೇ ನಡು ನಡುವ ಸುಳ್ಳು ಪಿಸ್ತೂಲು, ಸುಳ್ಳು ಬಾಂಬ್ ತೂರಸ್ತದ, ಹಿಡೀಲಿಲ್ಲಂದ್ರ ರೆಕಾರ್ಡ್ ಆಗ್ತದ. ಬರೇ ಹಳೇದಕ್ಕ ಬಾಗಲ ಹಾಕೋದಷ್ಟೇ ನಡ್ಯಂಗಿಲ್ಲ.

ಸುಮ್ನ_ನೋಡಾವ:
ಇದು ಗೊತ್ತಿರಲಿಲ್ಲ ಸರ. ಆದ್ರೂ ಬೂಟ್ ರೂಲ್ ತಗೀಲಿಕ್ಕ 19 ವರ್ಷ ಬೇಕಿತ್ತಾ? ರೂಲ್ ಹಾಕೋದು ಒಂದು ದಿನದಾಗ, ತಗದ ಮರುದಿನ ಏನರೆ ಆದ್ರ ಯಾರ ತಲಿ ಮ್ಯಾಲ ಅಂತ ಅಂಜಿ ಯಾರೂ ಸಹಿ ಹಾಕಂಗಿಲ್ಲ.

ಕಲಬುರಗಿ_ಮಲ್ಲು:
ಹಂಗಾರ ಹಿಂಡಿ ಎದರಾಗ ಹಾಕ್ಲಿ? ಒಣಕೊಬ್ಬರಿನೂ ಕಟ್ಟ್ಯಾಳ.

ಬೀದರ್_ಗ್ರೌಂಡ್‌ಸ್ಟಾಫ್:
ಹಿಂಡಿ, ಖಾರಪುಡಿ, ಉಪ್ಪಿನಕಾಯಿ ಪೂರಾ ಚೆಕಿನ್‌ಗೆ ಹಾಕ್ರಿ. ಇಡೀ ಒಣಕೊಬ್ಬರಿ ಬ್ಯಾಡ, ಎಣ್ಣಿ ಜಾಸ್ತಿ, ತಾನೇ ಕಾಯ್ದು ಹೊತ್ತಕೊಳ್ತದಂತ ಬಿಡಂಗಿಲ್ಲ, ಅದು ಬೆಂಕಿ ವಿಷಯ, ಉಗ್ರರಿಗೂ ಅದಕ್ಕೂ ಸಂಬಂಧ ಇಲ್ಲ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಕೈಯಾಗೇ ಇರ್ಬೇಕು. ಅವ್ವಗ ಬಿಚ್ಚಲಿಕ್ಕ ಸಲೀಸ ಚಪ್ಪಲ್ ಹಾಕ್ಕೊಂಡು ಹೋಗು ಅಂತ ಹೇಳ್ರಿ, ಎಲ್ಲಾ ದೇಶದಾಗ ಆ ರೂಲ್ ಹೋಗಿಲ್ಲ.